ನಿರ್ಗಮನ ಮೀಮಾಂಸೆ: ಯುರೋಪಿನ ಹ್ಯಾಂಡ್‌ಬಾಲ್ ನಾಕೌಟ್ ಕುರಿತು ಒಂದು ಶಾಸ್ತ್ರವಿಚಾರ

ಶಾಸ್ತ್ರಗ್ರಂಥ ಎಂದಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕು. ಹೇಳದಿದ್ದರೆ ಓದುಗ ನಡುವೆ ಎದ್ದುಹೋಗುತ್ತಾನೆ. ಹೇಳಿದರೆ ಮೊದಲೇ ಎದ್ದುಹೋಗುತ್ತಾನೆ. ವಿಷಯ: ಯುರೋಪಿನ ಪುರುಷರ ಹ್ಯಾಂಡ್‌ಬಾಲ್ ಚಾಂಪಿಯನ್ಸ್ ಲೀಗಿನ ನಾಕೌಟ್ ಹಂತಗಳು. ಪ್ರಯೋಜನ: ಇಲ್ಲ. ಸಂಬಂಧ: ಚೆನ್ನಾಗಿ ಆಡುವುದಕ್ಕೂ ಗೆಲ್ಲುವುದಕ್ಕೂ ಇರುವಂಥದ್ದು, ಅಂದರೆ ಅನಿರ್ವಚನೀಯ. ಅಧಿಕಾರಿ: ತನ್ನ ತಂಡ ಏಳು ಗೋಲುಗಳಿಂದ ಗೆದ್ದು ಬಂದ ರಾತ್ರಿ ನಿದ್ರೆ ಬಾರದೆ ಹೊರಳಾಡುವವನು. ಐದು ದಿನ ಆಡಿ, ಡ್ರಾ ಮಾಡಿಕೊಂಡು, ಕೈಕುಲುಕಿ ಹೋಗುವ ಆಟದಲ್ಲಿ ಬೆಳೆದವರು ಅರವತ್ತು ನಿಮಿಷದ ಒಂದು ಪಂದ್ಯ ನೋಡಿ ಶುಚಿರ್ಭೂತರಾಗಿ ಬರತಕ್ಕದ್ದು.

ಗುರುಪರಂಪರೆಯನ್ನು ಚುಟುಕಾಗಿ ಸ್ಮರಿಸಿ ಮುಂದೆ ಹೋಗೋಣ. 1956–57ರಲ್ಲಿ ಯುರೋಪಿಯನ್ ಕಪ್ ಎಂಬ ಹೆಸರಿನಲ್ಲಿ ಹುಟ್ಟಿದ ಈ ಸ್ಪರ್ಧೆಯನ್ನು ಮೊದಲು ಗೆದ್ದದ್ದು ಪ್ರಾಗ್. 1993–94ರಿಂದ ಅದು ಚಾಂಪಿಯನ್ಸ್ ಲೀಗ್. ನಡೆಸುವವರು ವಿಯೆನ್ನಾದಲ್ಲಿ ಕಚೇರಿ ಇರುವ ಯುರೋಪಿಯನ್ ಹ್ಯಾಂಡ್‌ಬಾಲ್ ಫೆಡರೇಷನ್ನಿನವರು. ಅತಿ ಹೆಚ್ಚು ಸಲ ಗೆದ್ದದ್ದು ಬಾರ್ಸಿಲೋನಾ. ಅದನ್ನು ಹೆಚ್ಚು ಹೊಗಳುವುದು ಈ ಶಾಸ್ತ್ರಕ್ಕೆ ಹಿತವಲ್ಲ. ಗೆಲ್ಲುವವರಿಂದ ಮೀಮಾಂಸೆ ಬೆಳೆದ ಉದಾಹರಣೆ ಎಲ್ಲೂ ಇಲ್ಲ.

ಇನ್ನು ಆಟದ ಲಕ್ಷಣ. ನಲವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಅಂಗಣ; ಒಂದೊಂದು ಕಡೆ ಏಳು ಮಂದಿ; ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಗೋಲು. ಗೋಲಿನ ಮುಂದೆ ಆರು ಮೀಟರ್ ದೂರದಲ್ಲಿ ಒಂದು ಗೆರೆ. ಅದರೊಳಗೆ ಗರ್ಭಗುಡಿಯ ಕಟ್ಟಳೆ: ಗೋಲ್‌ಕೀಪರ್ ಒಬ್ಬನಿಗೇ ಪ್ರವೇಶ, ಉಳಿದವರು ಹೊರಗಿನಿಂದಲೇ ಕೈ ಚಾಚಬೇಕು. ಆದರೆ ಎಲ್ಲ ಕಟ್ಟಳೆಗೂ ಇರುವಂತೆ ಇದಕ್ಕೂ ಒಂದು ಸಂದು ಇದೆ. ಗೆರೆಯ ಹೊರಗಿನಿಂದ ಹಾರಿದವನು ಒಳಗಿನ ನೆಲಕ್ಕೆ ಕಾಲು ತಾಗುವ ಮುಂಚೆ ಚೆಂಡನ್ನು ಎಸೆದುಬಿಟ್ಟರೆ ಮೈಲಿಗೆಯಿಲ್ಲ. ಹಾಗಾಗಿ ಈ ಆಟದ ಅರ್ಧಕ್ಕರ್ಧ ಸೌಂದರ್ಯವೆಲ್ಲ ಗಾಳಿಯಲ್ಲೇ ನಡೆಯುತ್ತದೆ: ಮೂಲೆಯಿಂದ ಓಡಿಬಂದು ಅಡ್ಡಡ್ಡ ಹಾರಿ, ಮೈಯನ್ನು ಬಿಲ್ಲಿನಂತೆ ಬಾಗಿಸಿ, ಗೋಲ್‌ಕೀಪರ್ ಬೀಳುವವರೆಗೂ ಕಾದು, ತಾನು ಬೀಳುವ ಕೊನೆಯ ಕ್ಷಣದಲ್ಲಿ ಮಣಿಕಟ್ಟು ತಿರುಗಿಸುವ ಅಂಚಿನ ಆಟಗಾರನನ್ನು ನೋಡಿದವರಿಗೆ ಗುರುತ್ವಾಕರ್ಷಣೆಯ ಮೇಲಿನ ಭಕ್ತಿ ಸ್ವಲ್ಪ ಕಡಿಮೆಯಾಗುತ್ತದೆ. ಬೆರಳುಗಳಿಗೆ ಅಂಟು ಹಚ್ಚಿಕೊಂಡಿರುತ್ತಾರೆ. ಚೆಂಡು ಕೈಗೆ ಅಂಟುತ್ತದೆ; ಮುನ್ನಡೆ ಮಾತ್ರ ಅಂಟುವುದಿಲ್ಲ. ಈ ಗ್ರಂಥದ ಮುಖ್ಯ ಪ್ರಮೇಯ ಅದೇ.

ಪ್ರಮೇಯಕ್ಕೆ ಮುನ್ನ ನಿರ್ಗಮನದ ಲೆಕ್ಕಾಚಾರ ಆಗಬೇಕು. 2024–25ರ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ಹದಿನಾರು ತಂಡ, ಎಂಟೆಂಟರ ಎರಡು ಗುಂಪು, ಪ್ರತಿಯೊಬ್ಬರೂ ಪ್ರತಿಯೊಬ್ಬರ ಮೇಲೆ ಮನೆಯಲ್ಲೊಮ್ಮೆ, ಹೊರಗೊಮ್ಮೆ. ಗುಂಪಿಗೆ 56ರಂತೆ ಒಟ್ಟು 112 ಪಂದ್ಯ. ಸೆಪ್ಟೆಂಬರಿನಲ್ಲಿ ಶುರುವಾಗಿ ಚಳಿಗಾಲ ಪೂರ್ತಿ ನಡೆಯುವ ಈ ಮಹಾಯಜ್ಞದಲ್ಲಿ ಆಹುತಿಯಾಗುವವರು ಎಷ್ಟು ಮಂದಿ? ನಾಲ್ಕು. ಎರಡೂ ಗುಂಪುಗಳ ಏಳನೆಯವರು ಮತ್ತು ಎಂಟನೆಯವರು. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಪೂರ್ವಪಕ್ಷದವರು ನಗುತ್ತಾರೆ. ಸಿದ್ಧಾಂತಿಯ ಉತ್ತರ ಬೇರೆ: ಇಪ್ಪತ್ತೆಂಟು ಪಂದ್ಯಕ್ಕೆ ಒಂದು ತಂಡದಂತೆ ಹೊರಹಾಕುವ ಈ ಕ್ರಮದಲ್ಲಿ ಹಿಂಸೆ ಕನಿಷ್ಠ, ಟಿಕೆಟ್ ಮಾರಾಟ ಗರಿಷ್ಠ. ಹಾವೂ ಸಾಯದೆ ಕೋಲೂ ಮುರಿಯದೆ ಇರುವ ಇಂಥ ಮಾರ್ಗ ಲೌಕಿಕದಲ್ಲಿ ದುರ್ಲಭ.

ಆಮೇಲೆ ಇದ್ದಕ್ಕಿದ್ದಂತೆ ದಯೆ ಬತ್ತುತ್ತದೆ. ಗುಂಪಿನ ಮೊದಲ ಇಬ್ಬರು ನೇರ ಕ್ವಾರ್ಟರ್ ಫೈನಲಿಗೆ ಹೋಗಿ ಕಾಲು ಚಾಚುತ್ತಾರೆ. ಮೂರರಿಂದ ಆರನೆಯವರೆಗಿನವರು ಪ್ಲೇಆಫ್ ಆಡುತ್ತಾರೆ: ಎಂಟು ಪಂದ್ಯ, ನಾಲ್ಕು ಬಲಿ. ಕ್ವಾರ್ಟರ್ ಫೈನಲಿನಲ್ಲೂ ಎಂಟು ಪಂದ್ಯ, ನಾಲ್ಕು ಬಲಿ. ಇಪ್ಪತ್ತೆಂಟಕ್ಕೊಂದು ಇದ್ದದ್ದು ಎರಡಕ್ಕೊಂದಾಯಿತು. ಆರು ತಿಂಗಳು ಸಾವಧಾನವಾಗಿ ಯೋಚಿಸಿದವರು ಆರು ವಾರದಲ್ಲಿ ಮನೆ ಖಾಲಿ ಮಾಡಿಸುವುದೇಕೆ ಎಂಬ ಶಂಕೆಗೆ ಸೂತ್ರಕಾರರು ಮೌನ. ಬಾಡಿಗೆ ಮನೆಯಲ್ಲಿ ಇದ್ದವರು ಮೌನದ ಅರ್ಥ ಬಲ್ಲರು.

ಈ ಹಂತಗಳಲ್ಲಿ ಒಬ್ಬನೇ ಎದುರಾಳಿಯ ಮೇಲೆ ಮನೆಯಲ್ಲೊಮ್ಮೆ, ಹೊರಗೊಮ್ಮೆ ಆಡುವ ಎರಡು ಪಂದ್ಯಗಳ ಒಟ್ಟು ಗೋಲು ಸಮವಾದರೆ ಏನು ಗತಿ ಎಂಬುದು ಈ ಶಾಸ್ತ್ರದ ಅತಿ ಸೂಕ್ಷ್ಮ ಪ್ರಕರಣ. ಹಿಂದೆ, ಪರಸ್ಥಳದಲ್ಲಿ ಹೊಡೆದ ಗೋಲಿಗೆ ತೂಕ ಜಾಸ್ತಿ ಎಂಬ ಮತವಿತ್ತು. ಊರಿನಲ್ಲಿ ಮಾಡಿದ ದಾನಕ್ಕಿಂತ ಕ್ಷೇತ್ರದಲ್ಲಿ ಮಾಡಿದ ದಾನಕ್ಕೆ ಪುಣ್ಯ ಹೆಚ್ಚೆನ್ನುವವರಿಗೆ ಇದು ಸುಲಭವಾಗಿ ಒಪ್ಪಿಗೆಯಾಗುತ್ತದೆ. 2014ರ ಕ್ವಾರ್ಟರ್ ಫೈನಲಿನಲ್ಲಿ ಜರ್ಮನಿಯ ರೈನ್-ನೆಕಾರ್ ಲೋವೆನ್ ತನ್ನ ಮನೆಯಲ್ಲಿ ಬಾರ್ಸಿಲೋನಾವನ್ನು 38–31ರಿಂದ ಬಡಿಯಿತು. ಏಳು ಗೋಲಿನ ಗಂಟು ಕಟ್ಟಿಕೊಂಡು ಬಾರ್ಸಿಲೋನಾಕ್ಕೆ ಹೋಗಿ 24–31ರಿಂದ ಸೋತಿತು. ಒಟ್ಟು 62–62. ಬಾರ್ಸಿಲೋನಾ ಹೊರಗೆ ಹೊಡೆದದ್ದು 31, ಲೋವೆನ್ ಹೊರಗೆ ಹೊಡೆದದ್ದು 24. ಲೋವೆನ್ ಮನೆಗೆ ನಡೆಯಿತು. ಏಳರಿಂದ ಗೆದ್ದವರು, ಏಳರಿಂದ ಸೋತವರು. ಎಂಟರಿಂದ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಆದರೂ ಒಬ್ಬರು ಒಳಗೆ, ಒಬ್ಬರು ಹೊರಗೆ.

ಈ ಅನ್ಯಾಯ ಸಾಕೆಂದು ಆಮೇಲೆ ಆ ನಿಯಮವನ್ನು ಕೈಬಿಟ್ಟರು. ಈಗ ಸಮವಾದರೆ ನೇರವಾಗಿ ಏಳು ಮೀಟರಿನ ಪೆನಾಲ್ಟಿ. 2024ರ ಕ್ವಾರ್ಟರ್ ಫೈನಲಿನಲ್ಲಿ ಪೋಲೆಂಡಿನ ಕಿಯೆಲ್ಸೆ ತನ್ನ ಮನೆಯಲ್ಲಿ ಜರ್ಮನಿಯ ಮಾಗ್ಡೆಬರ್ಗನ್ನು 27–26ರಿಂದ ಸೋಲಿಸಿತು. ಮಾಗ್ಡೆಬರ್ಗ್ ತನ್ನ ಮನೆಯಲ್ಲಿ 23–22ರಿಂದ ತೀರಿಸಿಕೊಂಡಿತು. ಒಟ್ಟು 49–49. ಹಳೆಯ ಧರ್ಮದ ಪ್ರಕಾರ ಹೊರಗೆ 26 ಹೊಡೆದ ಮಾಗ್ಡೆಬರ್ಗ್ ಆಗಲೇ ಗೆದ್ದಾಗಿತ್ತು. ಹೊಸ ಧರ್ಮದ ಪ್ರಕಾರ ಪೆನಾಲ್ಟಿ ನಡೆಸಿದರು. ಜನ ಉಗುರು ಕಚ್ಚಿದರು. ಕಡೆಗೆ ಗೆದ್ದದ್ದು ಮಾಗ್ಡೆಬರ್ಗೇ. ಧರ್ಮಸುಧಾರಣೆಯಿಂದ ಫಲ ಬದಲಾಗದು, ಉಗುರು ಮಾತ್ರ ಸವೆಯುವುದು ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಹೀಗೆ ಉಳಿದ ನಾಲ್ವರು 2010ರಿಂದೀಚೆಗೆ ಜರ್ಮನಿಯ ಕಲೋನ್ ನಗರದ ಲ್ಯಾಂಕ್ಸೆಸ್ ಅರೇನಾದಲ್ಲಿ ಸೇರುತ್ತಾರೆ. ಶನಿವಾರ ಎರಡು ಸೆಮಿಫೈನಲ್, ಭಾನುವಾರ ಫೈನಲ್. ಅದೇ ಭಾನುವಾರ, ಫೈನಲಿಗೆ ಮುಂಚೆ, ಶನಿವಾರ ಸೋತ ಇಬ್ಬರಿಂದ ಮೂರನೆಯ ಸ್ಥಾನಕ್ಕೆ ಪಂದ್ಯವನ್ನೂ ಆಡಿಸುತ್ತಾರೆ. ನಾಕೌಟ್ ಆದವರನ್ನು ಎಬ್ಬಿಸಿ ಮತ್ತೆ ನಾಕೌಟ್ ಮಾಡುವ ಈ ಕ್ರಿಯೆಗೆ ಶಾಸ್ತ್ರದಲ್ಲಿ ಆಧಾರವಿಲ್ಲ. ಆಡುವವರ ಮುಖದಲ್ಲೂ ಅದು ಕಾಣುವುದಿಲ್ಲ. ಹಬ್ಬ ಸಾಮಾನ್ಯವಾಗಿ ಬೇಸಿಗೆಯ ಆರಂಭದಲ್ಲಿ. 2020ರಲ್ಲಿ ಮಾತ್ರ ಕೋವಿಡ್ ಕಾರಣದಿಂದ ಮುಂದೂಡುತ್ತ ಹೋಗಿ ಡಿಸೆಂಬರ್ ಕೊನೆಗೆ, ಅಂದರೆ ಸರಿಯಾಗಿ ಧನುರ್ಮಾಸದಲ್ಲಿ, ಪ್ರೇಕ್ಷಕರೇ ಇಲ್ಲದೆ ನಡೆಯಿತು. ಶುಭಕಾರ್ಯ ವರ್ಜ್ಯವಾದ ಮಾಸದಲ್ಲಿ ಬಾರ್ಸಿಲೋನಾ ಫೈನಲ್ ಆಡಿ ಕೀಲ್ ತಂಡಕ್ಕೆ 28–33ರಿಂದ ಸೋತಿತು. ಪಂಚಾಂಗ ನೋಡದವರ ಪಾಡು.

ಈಗ ಮುಖ್ಯ ಪ್ರಮೇಯ. 2016ರ ಫೈನಲ್, ಕಲೋನ್. ಒಂದು ಕಡೆ ಹಂಗರಿಯ ವೆಸ್ಪ್ರೇಮ್, ಇನ್ನೊಂದು ಕಡೆ ತಲಾಂತ್ ದುಯ್ಶೆಬಾಯೆವ್ ತರಬೇತಿಯ ಕಿಯೆಲ್ಸೆ. ಪಂದ್ಯ ಮುಗಿಯಲು ಸುಮಾರು ಕಾಲುಗಂಟೆ ಇದೆ ಎನ್ನುವಾಗ ಫಲಕದಲ್ಲಿ ವೆಸ್ಪ್ರೇಮ್ 28, ಕಿಯೆಲ್ಸೆ 19. ಒಂಬತ್ತು ಗೋಲು. ಪ್ರತ್ಯಕ್ಷವನ್ನೇ ಪ್ರಮಾಣವೆಂದು ನಂಬಿದವರು ಅಷ್ಟಕ್ಕೇ ಕುಣಿಯಲು ಶುರುಮಾಡಿರಬೇಕು. ಅನುಮಾನ ಬಲ್ಲ ನೈಯಾಯಿಕ ಹಾಗೆ ಮಾಡುವುದಿಲ್ಲ. ಅವನು ಐದು ಅವಯವಗಳ ವಾಕ್ಯ ಕಟ್ಟುತ್ತಾನೆ. ಪ್ರತಿಜ್ಞೆ: ವೆಸ್ಪ್ರೇಮ್ ಸೋಲುತ್ತದೆ. ಹೇತು: ಒಂಬತ್ತು ಗೋಲು ಮುಂದಿರುವುದರಿಂದ. ಉದಾಹರಣೆ: ಏಳು ಗೋಲು ಮುಂದಿದ್ದ ಲೋವೆನ್, ಮತ್ತು ಅದೇ 2014ರ ಸೆಮಿಫೈನಲಿನಲ್ಲಿ ಆರು ಗೋಲು ಮುಂದಿದ್ದೂ ಫ್ಲೆನ್ಸ್‌ಬರ್ಗ್ ತಂಡಕ್ಕೆ ಪೆನಾಲ್ಟಿಯಲ್ಲಿ ಶರಣಾದ ಬಾರ್ಸಿಲೋನಾ. ಉಪನಯ: ಆರಕ್ಕೆ ಹೋದರು, ಏಳಕ್ಕೆ ಹೋದರು, ವೆಸ್ಪ್ರೇಮ್ ಒಂಬತ್ತಕ್ಕಿದೆ. ನಿಗಮನ: ಆದ್ದರಿಂದ ಹೋಗಲೇಬೇಕು.

ಹೋಯಿತು. ಆ ಕಾಲುಗಂಟೆಯಲ್ಲಿ ಕಿಯೆಲ್ಸೆ ಹತ್ತು ಗೋಲು ಹೊಡೆಯಿತು, ವೆಸ್ಪ್ರೇಮ್ ಒಂದೇ ಒಂದು. 29–29. ಹೆಚ್ಚುವರಿ ಹತ್ತು ನಿಮಿಷ ಮುಗಿದಾಗ 35–35. ಪೆನಾಲ್ಟಿ ಸೇರಿ 39–38, ಕಪ್ ಕಿಯೆಲ್ಸೆಗೆ.

ಇಲ್ಲಿ ಲೌಕಿಕರು ಲೌಕಿಕ ಕಾರಣಗಳನ್ನು ಕೊಡುತ್ತಾರೆ. ಗೋಲು ಬಿಟ್ಟುಕೊಟ್ಟವರು ಅಂಗಣದ ನಡುವಿನಿಂದ ಆಟವನ್ನು ತಕ್ಷಣ ಮತ್ತೆ ಶುರುಮಾಡಬಹುದು, ಆದ್ದರಿಂದ ನಿಮಿಷಕ್ಕೊಂದು ಗೋಲು ದೊಡ್ಡ ಮಾತಲ್ಲ. ಮುನ್ನಡೆ ಇದ್ದವರು ಚೆಂಡು ಹಿಡಿದು ಕಾಲ ತಳ್ಳುವಂತಿಲ್ಲ. ದಾಳಿಯ ಮನಸ್ಸಿಲ್ಲವೆಂದು ಕಂಡರೆ ರೆಫರಿ ಕೈ ಎತ್ತಿ ಎಚ್ಚರಿಸುತ್ತಾನೆ, ಆಮೇಲೂ ಎಸೆಯದಿದ್ದರೆ ಚೆಂಡು ಎದುರಾಳಿಗೆ. ಶಿಕ್ಷೆಯಾಗಿ ಒಬ್ಬ ಎರಡು ನಿಮಿಷ ಹೊರಗೆ ಕೂತರೆ ಅಷ್ಟರಲ್ಲಿ ಮೂರು ಗೋಲು ಕರಗಬಹುದು. ಇವೆಲ್ಲ ಸತ್ಯವೇ, ಆದರೆ ಬಾಲಬೋಧೆ. ಅನ್ವಯ ವ್ಯತಿರೇಕಗಳಿಂದ ನೋಡಿದರೆ ನಿಜವಾದ ಕಾರಣ ತಾನಾಗಿ ಹೊಳೆಯುತ್ತದೆ. ಮುನ್ನಡೆ ಇದ್ದಾಗ ವೆಸ್ಪ್ರೇಮ್ ಕಾಲುಗಂಟೆಗೆ ಹೊಡೆದದ್ದು ಒಂದು ಗೋಲು. ಮುನ್ನಡೆ ಪೂರ್ತಿ ಹೋದಮೇಲೆ, ಹೆಚ್ಚುವರಿ ಅವಧಿಯ ಹತ್ತೇ ನಿಮಿಷದಲ್ಲಿ ಹೊಡೆದದ್ದು ಆರು. ಮುನ್ನಡೆ ಇದ್ದರೆ ಗೋಲಿಲ್ಲ, ಮುನ್ನಡೆ ಇಲ್ಲದಿದ್ದರೆ ಗೋಲುಂಟು. ರೋಗ ಯಾವುದು ಎಂದು ಇನ್ನೂ ಬಿಡಿಸಿ ಹೇಳಬೇಕೆ?

ಬಾಲಟನ್ ಸರೋವರದ ಹತ್ತಿರವಿರುವ ವೆಸ್ಪ್ರೇಮ್ ಊರಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಶಾಸ್ತ್ರಕ್ಕೆ ಹೊರತಾದರೂ ಸರಿ. 2002, 2015, 2016, 2019: ನಾಲ್ಕು ಫೈನಲ್, ನಾಲ್ಕೂ ಸೋಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದು ಇವರ ಪಾಲಿಗೆ ಋತುಚಕ್ರ. ಆದರೂ ಕಲೋನಿನಲ್ಲಿ ಕೆಂಪು ಬಟ್ಟೆ ತೊಟ್ಟು ಅತಿ ಜೋರಾಗಿ ಹಾಡುವವರಲ್ಲಿ ಇವರೂ ಉಂಟು. ಇಂಥವರ ಮುಂದೆ ಮೀಮಾಂಸಕ ಪೆನ್ನು ಕೆಳಗಿಡಬೇಕು. ಇಟ್ಟು, ಮತ್ತೆ ಎತ್ತಿಕೊಂಡಿದ್ದೇನೆ.

ಕಿಯೆಲ್ಸೆಯದು ಕರ್ಮಸಿದ್ಧಾಂತ ವಿಭಾಗಕ್ಕೆ ಸೇರಿದ ಕಥೆ. ಅನ್ಯರ ಒಂಬತ್ತು ಗೋಲನ್ನು 2016ರಲ್ಲಿ ನುಂಗಿದವರು ಜೀರ್ಣಿಸಿಕೊಳ್ಳಲಾರರು ಎಂಬುದು ಪ್ರಸಿದ್ಧ. 2022ರ ಫೈನಲಿನಲ್ಲಿ ಬಾರ್ಸಿಲೋನಾ ಅವರನ್ನು ಪೆನಾಲ್ಟಿಯಲ್ಲಿ 37–35ರಿಂದ ಮಣಿಸಿತು: ಎರಡು ಸಂದಾಯ. 2023ರ ಫೈನಲಿನಲ್ಲಿ ಹೆಚ್ಚುವರಿ ಅವಧಿಯ ಬಳಿಕ ಮಾಗ್ಡೆಬರ್ಗ್ 30–29: ಒಂದು ಸಂದಾಯ. ಅಸಲಿನಲ್ಲಿ ಮೂರು ತೀರಿ ಆರು ಬಾಕಿ ಇದೆ. 2024ರ ಕ್ವಾರ್ಟರ್ ಫೈನಲಿನ ಸೋಲನ್ನೂ ಸೇರಿಸಬಾರದೇಕೆ ಎಂದು ಕಿಯೆಲ್ಸೆ ಪಕ್ಷದವರು ಕೇಳುತ್ತಾರೆ. ಅದು ಬಡ್ಡಿ.

ಆ 2023ರಲ್ಲಿ ದೇಹಾತ್ಮವಾದಿಗಳಿಗೂ ಒಂದು ಪೆಟ್ಟು ಬಿತ್ತು. ಮಾಗ್ಡೆಬರ್ಗಿನ ಐಸ್‌ಲ್ಯಾಂಡ್ ಆಟಗಾರ ಗಿಸ್ಲಿ ಕ್ರಿಸ್ಟಿಯಾನ್ಸನ್‌ಗೆ ಶನಿವಾರದ ಸೆಮಿಫೈನಲಿನಲ್ಲಿ ಭುಜದ ಕೀಲು ತಪ್ಪಿತು. ಭಾನುವಾರ ಬಂದು ಫೈನಲ್ ಆಡಿದ. ಕೂಟದ ಶ್ರೇಷ್ಠ ಆಟಗಾರನೂ ಆದ. ಕೈಯಿಂದಲೇ ಆಡುವ ಆಟದಲ್ಲಿ ಭುಜ ಅನಿವಾರ್ಯವೇ ಎಂಬ ಪ್ರಶ್ನೆಯನ್ನು ಮೂಳೆವೈದ್ಯರಿಗೆ ಬಿಟ್ಟು ಮುಂದೆ ಸಾಗುತ್ತೇನೆ.

ಶೂನ್ಯವಾದಕ್ಕೂ ಇಲ್ಲಿ ಜಾಗವಿದೆ. 2016ರ ನಿಯಮ ಬದಲಾವಣೆಯ ನಂತರ ಗೋಲ್‌ಕೀಪರನ್ನು ಹೊರಗೆ ಕರೆದು ಏಳನೆಯ ದಾಳಿಕಾರನನ್ನು ಇಳಿಸುವುದು ಸಲೀಸಾಯಿತು. ಗೋಲು ಖಾಲಿ. ಚೆಂಡು ಕೈತಪ್ಪಿದರೆ ಎದುರಾಳಿ ನಿಂತಲ್ಲಿಂದಲೇ ಅಂಗಣದ ಉದ್ದಕ್ಕೂ ಎಸೆಯುತ್ತಾನೆ. ಅದು ಪುಟಿಯುತ್ತ, ಯಾರ ಹಂಗೂ ಇಲ್ಲದೆ, ಸಾವಕಾಶವಾಗಿ ಗೋಲಿಗೆ ಹೋಗುತ್ತದೆ. ಹಿಂದೆ ಓಡುವ ಗೋಲ್‌ಕೀಪರನ ಮುಖದಲ್ಲಿ ಆಗ ಕಾಣುವುದೇ ವೈರಾಗ್ಯ. ಶೂನ್ಯಸಿಂಹಾಸನ ಕಂಡ ನಾಡಿನವರಾದ ನಮಗೆ ಖಾಲಿ ಪೀಠದ ಮಹಿಮೆ ಹೊಸತಲ್ಲ, ಆದರೆ ಅದರ ಮೇಲೆ ಯಾರೂ ಚೆಂಡೆಸೆದ ದಾಖಲೆಯಿಲ್ಲ.

ಕಡೆಯ ಆಕ್ಷೇಪ ಒಂದಿದೆ, ಸ್ವಲ್ಪ ಗಟ್ಟಿಯಾದದ್ದು. 2021ರ ಫೈನಲಿನಲ್ಲಿ ಬಾರ್ಸಿಲೋನಾ ಡೆನ್ಮಾರ್ಕಿನ ಆಲ್ಬೋರ್ ತಂಡವನ್ನು 36–23ರಿಂದ ಸೋಲಿಸಿತು. ಹದಿಮೂರು ಗೋಲು ಮುಂದಿದ್ದೂ ಸೋಲಲಿಲ್ಲವಲ್ಲ, ಹೇತುವಿಗೆ ವ್ಯಭಿಚಾರ ಬಂತಲ್ಲ ಎಂದು ಪ್ರತಿವಾದಿ ಮೀಸೆ ತಿರುವುತ್ತಾನೆ. ಸಮಾಧಾನ ಹೀಗಿದೆ: ಔಷಧವೂ ಒಂದು ಪ್ರಮಾಣ ಮೀರಿದರೆ ಗುಣ ಬದಲಿಸುತ್ತದೆ. ಆರು, ಏಳು, ಒಂಬತ್ತು ಮಾರಕ, ಹದಿಮೂರು ಪಥ್ಯ. ನಡುವಿನ ಹತ್ತು, ಹನ್ನೊಂದು, ಹನ್ನೆರಡರಲ್ಲಿ ಗುಣ ತಿರುಗುವುದು ಎಲ್ಲಿ ಎಂಬುದು ಇನ್ನೂ ಪ್ರಯೋಗದಿಂದ ತಿಳಿಯಬೇಕಾದ ಸಂಗತಿ. ಆದ್ದರಿಂದ ವಿಯೆನ್ನಾದ ಮಹನೀಯರಲ್ಲಿ ನಮ್ಮ ವಿನಂತಿ ಇಷ್ಟೆ: ಮುಂದಿನ ಯಾವುದಾದರೂ ಫೈನಲಿನಲ್ಲಿ ಒಂದು ತಂಡವನ್ನು ಕಾಲುಗಂಟೆ ಇರುವಾಗ ಸರಿಯಾಗಿ ಹನ್ನೊಂದು ಗೋಲು ಮುಂದಿಟ್ಟು ಏನಾಗುತ್ತದೆಂದು ನೋಡಬೇಕು. ಯಾವ ತಂಡವಾದರೂ ಆದೀತು. ವೆಸ್ಪ್ರೇಮ್ ಒಂದು ಬೇಡ.