ಬಣ್ಣ ಯಾವಾಗ ಹಾಕ್ತೀರಿ ಸಾರ್?

ಆಂಧ್ರದ ನಮ್ಮ ಸಿ. ಬೆಳಗಲ್‌ನಲ್ಲಿ ಚಿತ್ರ ಬರೆಯುವವನೆಂದರೆ ಗೋಡೆಗೆ ಸಿಮೆಂಟಿನ ಜಾಹೀರಾತು ಬರೆಯುವವನು, ಎಲೆಕ್ಷನ್ ಬಂದಾಗ ಪಾರ್ಟಿಗಳ ಗುರುತು ಬರೆಯುವವನು, ಟ್ರ್ಯಾಕ್ಟರ್ ಟ್ರಾಲಿಯ ಹಿಂದೆ ನವಿಲು ಕೂರಿಸುವವನು. ಅವರು ಕಲಾವಿದರೇ, ಅದರಲ್ಲಿ ಸಂಶಯವಿಲ್ಲ. ಸುಡುವ ಬಿಸಿಲಿನಲ್ಲಿ ಏಣಿ ಹತ್ತಿ ನಿಂತು ಆಳೆತ್ತರದ ಅಕ್ಷರವನ್ನು ಸೊಟ್ಟಾಗದಂತೆ ಎಳೆಯುವ ಕೈಗೆ ನಾನು ಕೆಳಗಿನಿಂದಲೇ ಕೈ ಮುಗಿಯುತ್ತೇನೆ. ಕಷ್ಟವೇನೆಂದರೆ ಅವರ ಡಬ್ಬಿಗಳಲ್ಲಿ ಕೆಂಪು, ಹಳದಿ, ನೀಲಿ ಎಲ್ಲ ಇರುತ್ತವೆ. ನನ್ನ ಹತ್ತಿರ ಇರುವುದು ಒಂದು ಸೀಸೆ ಕಪ್ಪು ಇಂಕು, ಮರದ ಹಿಡಿಯ ಒಂದು ಪೆನ್ನು, ಅದಕ್ಕೆ ಸಿಕ್ಕಿಸುವ ನಾಲ್ಕಾರು ನಿಬ್ಬು. ಸಂಜೆ ಜಗಲಿಯ ಮೇಲೆ ಹಲಗೆ ಇಟ್ಟುಕೊಂಡು ಕೂತರೆ ಹೊಲದಿಂದ ಬರುವವರು ನಿಲ್ಲುತ್ತಾರೆ, ಕತ್ತು ಓರೆ ಮಾಡಿ ನೋಡುತ್ತಾರೆ, ತಲೆಯಾಡಿಸುತ್ತಾರೆ. ಆಮೇಲೆ ಕೇಳುತ್ತಾರೆ: "ಚೆಂದ ಐತಿ. ಬಣ್ಣ ಯಾವಾಗ ಹಾಕ್ತೀರಿ ಸಾರ್?"

"ಹಾಕೋದಿಲ್ಲ, ಇಷ್ಟೇ" ಅಂದರೆ ಅವರ ಮುಖದಲ್ಲಿ ಅನುಕಂಪ ಮೂಡುತ್ತದೆ. ಮೇಷ್ಟ್ರಿಗೆ ಪೆನ್ಷನ್ ಸಾಲುತ್ತಿಲ್ಲ ಎಂಬ ಮಾತೊಂದು ಊರಲ್ಲಿ ಓಡಾಡುತ್ತಿದೆ. ಅದಕ್ಕೆ ಮೂಲ ಈ ಬಣ್ಣವಿಲ್ಲದ ಚಿತ್ರಗಳೇ ಎಂದು ನನ್ನ ಗುಮಾನಿ.

ನಮ್ಮ ಓಣಿಯಲ್ಲೊಬ್ಬ ತಾತ ಇದ್ದಾನೆ. ಅವನ ಮೀಸೆ ನೋಡಿದರೆ ಯಾವ ಪೆನ್ನೂ ಸುಮ್ಮನಿರಲಾರದು. ಕೂರಿಸಿಕೊಂಡು ಬರೆದೆ. ಆದರೆ ನಿಬ್ಬಿಗೆ ಬೂದುಬಣ್ಣ ಗೊತ್ತಿಲ್ಲವಲ್ಲ. ಕೆನ್ನೆಯ ಗುಳಿಯಲ್ಲಿ ನೆರಳು ಬೇಕಾದರೆ ಸಣ್ಣ ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆಯಬೇಕು, ಇನ್ನಷ್ಟು ಗಾಢ ಬೇಕಾದರೆ ಅವುಗಳ ಮೇಲೆ ಅಡ್ಡಗೆರೆ, ಸಾಲದಿದ್ದರೆ ಓರೆಗೆರೆ. ದೂರದಿಂದ ನೋಡಿದವರಿಗೆ ನೆರಳು, ಹತ್ತಿರದಿಂದ ನೋಡಿದವರಿಗೆ ಬರೀ ಗೀಟು. ತಾತ ಹತ್ತಿರದಿಂದ ನೋಡಿದ, ಮೂಗು ಕಾಗದಕ್ಕೆ ತಾಗುವಷ್ಟು ಹತ್ತಿರ. "ಯಾಕಪಾ, ನನ್ನ ಮಾರಿಗೆ ಮೀನಿನ ಬಲಿ ಹಾಕೀಯಲ್ಲ?" ಅಂದ. ಅವರದು ತುಂಗಭದ್ರೆಯಲ್ಲಿ ಬಲೆ ಬೀಸುವ ಮನೆತನ, ಬಲೆಯ ವಿಷಯದಲ್ಲಿ ಅವನ ಮಾತು ತೆಗೆದುಹಾಕುವಂತಿಲ್ಲ. "ಸ್ವಲ್ಪ ದೂರ ನಿಂತು ನೋಡು ತಾತ" ಅಂದೆ. ಬೀದಿಯತನಕ ಹೋಗಿ ತಿರುಗಿ ನಿಂತ. "ಈಗ ಏನೂ ಕಾಣವಲ್ದು." ಕೊನೆಗೆ ಅಜ್ಜಿ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, "ಮೀಸಿ ಸರಿ ಐತಿ, ತಗಾ" ಎಂದು ತೀರ್ಪು ಕೊಟ್ಟಿದ್ದರಿಂದ ಚಿತ್ರ ಅವರ ಮನೆಯ ಗೋಡೆ ಸೇರಿತು. ಈಗ ಅದರ ಎರಡೂ ಕೆನ್ನೆಗೆ ಮೊಮ್ಮಗಳು ಸ್ಕೆಚ್ ಪೆನ್ನಿನಿಂದ ಗುಲಾಬಿ ಬಳಿದಿದ್ದಾಳೆ. ತಾತನಿಗೆ ಈಗ ಸಮಾಧಾನವಾಗಿದೆಯಂತೆ.

ಈ ಗೀಟಿನ ಪಾಡು ನಾನು ಹುಟ್ಟಿಸಿದ್ದಲ್ಲ ಎಂದು ಅವನಿಗೆ ಹೇಗೆ ಹೇಳಲಿ? ಹಿಂದೆ ಪತ್ರಿಕೆಯಲ್ಲಿ ಚಿತ್ರ ಅಚ್ಚಾಗಬೇಕಾದರೆ ಸತುವಿನ ತಗಡಿನ ಮೇಲೆ ಬ್ಲಾಕ್ ಮಾಡಿಸಬೇಕಿತ್ತು. ಗೆರೆ ಇದ್ದಷ್ಟು ಜಾಗ ಬಿಟ್ಟು ಉಳಿದದ್ದನ್ನು ಆಸಿಡ್ ತಿಂದುಹಾಕುತ್ತಿತ್ತು, ಎದ್ದು ನಿಂತ ಗೆರೆಗೆ ಮಸಿ ಹತ್ತುತ್ತಿತ್ತು. ಅಲ್ಲಿ ಕಪ್ಪೆಂದರೆ ಕಪ್ಪು, ಬಿಳಿಯೆಂದರೆ ಬಿಳಿ. ಫೋಟೋವನ್ನು ಚುಕ್ಕೆಗಳಾಗಿ ಒಡೆದು ಹಾಫ್‌ಟೋನ್ ಬ್ಲಾಕ್ ಮಾಡಬಹುದಿತ್ತು, ಆದರೆ ಖರ್ಚು ಜಾಸ್ತಿ. ಒರಟು ನ್ಯೂಸ್‌ಪ್ರಿಂಟಿನ ಮೇಲೆ ಮಂತ್ರಿ ಯಾರು, ಮಾಲೆ ಹಾಕಿದವರು ಯಾರು ಎಂಬುದೂ ಕಲಸಿಹೋಗುತ್ತಿತ್ತು. ಹಾಗಾಗಿ ಕತೆಗೊಂದು ಚಿತ್ರ ಬೇಕೆಂದರೆ ಪೆನ್ನು, ಇಂಕು. 1965ರಲ್ಲಿ 'ಸುಧಾ' ಬಂತು, 1968ರಲ್ಲಿ 'ಮಯೂರ'. ಅವುಗಳ ಕತೆ ಕಾದಂಬರಿಗಳಲ್ಲಿ ಹೆರಳು ಬಿಟ್ಟುಕೊಂಡು ಕಿಟಕಿಯ ಸರಳು ಹಿಡಿದು ನಿಂತ ನಾಯಕಿಯರೆಲ್ಲ ಈ ಗೆರೆಗಳಲ್ಲೇ ನಿಂತದ್ದು. ಕಲಾವಿದರು ಅಚ್ಚಿನ ಅಳತೆಗಿಂತ ದೊಡ್ಡದಾಗಿ ಬರೆದುಕೊಡುತ್ತಿದ್ದರು. ಬ್ಲಾಕ್ ಮಾಡುವಾಗ ಕುಗ್ಗಿಸಿದರೆ ಚಿತ್ರದ ಜೊತೆಗೆ ಕೈನಡುಕವೂ ಕುಗ್ಗುತ್ತದೆ. ಈ ಗುಟ್ಟು ತಿಳಿದ ಮೇಲೆ ನನಗೆ ಬಹಳ ಧೈರ್ಯ ಬಂದಿದೆ. ಅಂಚೆಚೀಟಿಯ ಗಾತ್ರಕ್ಕೆ ಕುಗ್ಗಿಸಿ ನೋಡಿದರೆ ನಾನೂ ದೊಡ್ಡ ಕಲಾವಿದನೇ.

ಇಂಕಿನ ಹುಚ್ಚು ನನಗೆ ಹತ್ತಿದ್ದು ಆದೋನಿಯಲ್ಲಿ, ತಾಯಿಯ ತವರಿನಲ್ಲಿ. ಆದೋನಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಈ ಕಡೆಗೆ ಬಂತು. ರಾಜ್ಯ ಬದಲಾದರೂ ನಮ್ಮಜ್ಜಿ ಬೈಯುತ್ತಿದ್ದದ್ದು ಕನ್ನಡದಲ್ಲೇ. ಅಜ್ಜಿಯ ಮನೆಗೆ ಕನ್ನಡ 'ಚಂದಮಾಮ' ಬರುತ್ತಿತ್ತು, ಪಕ್ಕದ ಮನೆಗೆ ತೆಲುಗಿನದು. 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರುವಾದ ಪತ್ರಿಕೆ ಅದು, ಕನ್ನಡಕ್ಕೆ ಬಂದದ್ದು ಆಮೇಲೆ. ಎರಡರಲ್ಲೂ ಅದೇ ವಿಕ್ರಮ, ಅದೇ ಬೇತಾಳ. ಕತ್ತಿ ಹಿರಿದ ರಾಜ, ಹೆಗಲ ಮೇಲೆ ಹೆಣ, ಸುತ್ತ ಸ್ಮಶಾನದ ಮರಗಳು. ಬಣ್ಣ ಕಂಡರೂ ನನ್ನ ಕಣ್ಣು ಹೋಗುತ್ತಿದ್ದದ್ದು ಗೆರೆಗೆ. ಹೆಣದ ಜೋತುಬಿದ್ದ ಕೂದಲಿನ ಎಳೆ ಎಳೆಯೂ ಬೇರೆ ಬೇರೆ ಕಾಣುತ್ತಿತ್ತು. ಪಕ್ಕದ ಮನೆಯ ಹುಡುಗ ಬೇತಾಳ ತೆಲುಗಿನವನು ಎನ್ನುತ್ತಿದ್ದ, ನಾನು ಕನ್ನಡದವನು ಎನ್ನುತ್ತಿದ್ದೆ. ಜಗಳ ಗುದ್ದಾಟಕ್ಕೆ ಏರಿ, ಸೋದರಮಾವ ಬಂದು ಇಬ್ಬರ ಕಿವಿಯನ್ನೂ ಹಿಂಡಿ, "ಹೆಣಕ್ಕೆ ಯಾವ ಜಾತಿಲೇ, ಯಾವ ಭಾಷಿಲೇ" ಎಂದು ಓಡಿಸಿದ್ದರು. ಚಿತ್ರ ಬರೆದ ಶಂಕರ್ ಅಂದರೆ ಕೆ.ಸಿ. ಶಿವಶಂಕರನ್, ತಮಿಳುನಾಡಿನವರು ಎಂದು ತಿಳಿದದ್ದು ತಲೆಗೂದಲು ನರೆತ ಮೇಲೆ. 2020ರಲ್ಲಿ ಅವರು ತೀರಿಕೊಂಡಾಗ ಆ ಹುಡುಗನಿಗೆ (ಈಗ ಅವನಿಗೂ ಮೊಮ್ಮಕ್ಕಳಿದ್ದಾರೆ) ಫೋನ್ ಮಾಡಿ, ನಾವಿಬ್ಬರೂ ಸೋತೆವು ಕಣೋ ಎಂದೆ.

ಸೋತರೂ ವಾದ ಬಿಡುವ ಜಾತಿಯಲ್ಲ ನಾವು. ಗೆರೆಯಲ್ಲಿ ಯಾರು ದೊಡ್ಡವರು ಎಂದರೆ ಅವನು ಚಿತ್ರಕಾರ ಬಾಪು ಎನ್ನುತ್ತಾನೆ. ಬಾಪು ದೊಡ್ಡವರೇ. ತೆಲುಗು ಕತೆಗಳ ಹೆಣ್ಣುಮಕ್ಕಳಿಗೆ ಆ ಕಣ್ಣು, ಆ ಜಡೆ ಕೊಟ್ಟವರು ಅವರು, ಅವರ ಕೈಬರಹ ಕೂಡ ಅಚ್ಚಿನ ಅಕ್ಷರವಾಗಿದೆ. ನಾನು ಮೈಸೂರಿನ ಆರ್.ಕೆ. ಲಕ್ಷ್ಮಣ್ ಎನ್ನುತ್ತೇನೆ. ಡಾ. ಎಂ. ಶಿವರಾಂ ಅವರ ಹಾಸ್ಯಪತ್ರಿಕೆ 'ಕೊರವಂಜಿ'ಗೆ ಚಿತ್ರ ಬರೆದು, 1951ರಿಂದ ಗೀಟಿನ ಕೋಟಿನ ಶ್ರೀಸಾಮಾನ್ಯನನ್ನು ದೇಶಕ್ಕೆಲ್ಲ ತೋರಿಸಿದವರು. ಅವರಿಗೆ ಕಾಗೆಯೆಂದರೆ ಪ್ರಾಣ. ಇಂಕಿನವರಿಗೆ ಕಾಗೆಯಷ್ಟು ಅನುಕೂಲದ ಹಕ್ಕಿ ಬೇರೆ ಇಲ್ಲ, ಅದನ್ನು ನೋಡಿ ಬಣ್ಣ ಯಾವಾಗ ಎಂದು ಯಾರೂ ಕೇಳುವುದಿಲ್ಲ. ಆದರೆ ನನ್ನ ತುರುಪು ಕೆ.ಕೆ. ಹೆಬ್ಬಾರ್. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಲಕ್ಷ್ಮಣ್ ಅವರನ್ನು ಸೇರಿಸಿಕೊಳ್ಳದ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲೇ ಇವರು ಕಲಿತರು, ಅಲ್ಲೇ ಕಲಿಸಿದರು. ತೈಲಚಿತ್ರಗಳಿಂದ ಹೆಸರಾದವರು, ಆದರೂ ನನಗೆ ಅವರ ರೇಖಾಚಿತ್ರಗಳೇ ಹೆಚ್ಚು. ನರ್ತಕಿಯೊಬ್ಬಳ ಹೆಗಲಿನಿಂದ ಹೊರಟ ಗೆರೆ ಸೊಂಟದ ಹತ್ತಿರ ತುಸು ದಪ್ಪವಾಗುತ್ತದೆ, ಮಂಡಿಯಲ್ಲಿ ಸಣ್ಣಗಾಗುತ್ತದೆ, ಹಿಮ್ಮಡಿ ಬರುವ ಮೊದಲೇ ನಿಂತುಬಿಡುತ್ತದೆ. ಹಿಮ್ಮಡಿ ಇಲ್ಲ, ಆದರೆ ನಮಗೆ ಕಾಣುತ್ತದೆ! ನಾನಾಗಿದ್ದರೆ ಹಿಮ್ಮಡಿ, ಗೆಜ್ಜೆ, ಗೆಜ್ಜೆಯ ನೆರಳು, ನೆಲದ ಬಿರುಕು ಎಲ್ಲ ಬರೆದು, ಕುಣಿಯುವವಳು ಎಲ್ಲಿದ್ದಾಳೆಂದು ಹುಡುಕುವಂತೆ ಮಾಡುತ್ತಿದ್ದೆ. ಪೆನ್ನನ್ನು ಎಲ್ಲಿ ಎತ್ತಬೇಕೆಂದು ಗೊತ್ತಿದ್ದವರು ಅವರು. ಈ ಕಲೆಯಲ್ಲಿ ಉಳಿದ ಎಲ್ಲವನ್ನೂ ಅಭ್ಯಾಸದಿಂದ ಸಾಧಿಸಬಹುದು, ಅದೊಂದನ್ನು ಬಿಟ್ಟು.

ನಿಬ್ಬಿನ ಸ್ವಭಾವವೂ ಒಂದಿಷ್ಟು ತಿಳಿದಿರಲಿ. ಅದರ ತುದಿ ಸೀಳಿರುತ್ತದೆ. ಒತ್ತಿದರೆ ಸೀಳು ಅಗಲವಾಗಿ ಗೆರೆ ದಪ್ಪ, ಬಿಟ್ಟರೆ ಸಪೂರ. ತನ್ನ ಕಡೆಗೆ ಎಳೆದುಕೊಂಡರೆ ವಿಧೇಯವಾಗಿ ಬರುತ್ತದೆ. ಮುಂದಕ್ಕೆ ನೂಕಿದರೆ ಕಾಗದದ ನಾರಿಗೆ ಸಿಕ್ಕಿಕೊಂಡು, ಬಿಡಿಸಿಕೊಳ್ಳುವಾಗ ಫಟ್ಟೆಂದು ಇಂಕು ಸಿಡಿಸುತ್ತದೆ. ತಾತನ ಚಿತ್ರದಲ್ಲಿ ಮೂಗಿನ ಪಕ್ಕ ಒಂದು ನರುಳ್ಳೆ ಇದೆ. ತಾತನಿಗೆ ನರುಳ್ಳೆ ಇಲ್ಲ.

ಪೆನ್ನಿಗಿಂತ ಕಿತಾಪತಿಯದು ಇಂಕು. ಸಾಧಾರಣ ಬರೆಯುವ ಇಂಕು ನೀರಲ್ಲಿ ಕರಗಿದ ಬಣ್ಣ, ತೊಳೆದರೆ ಬಹುಮಟ್ಟಿಗೆ ಹೋಗುತ್ತದೆ. ಚಿತ್ರದ ವಾಟರ್‌ಪ್ರೂಫ್ ಇಂಕಿನಲ್ಲಿ ಇರುವುದು ಕಾಡಿಗೆಯಂಥ ಮಸಿ, ಅದನ್ನು ಹಿಡಿದಿಡಲು ಅರಗು. ಒಣಗಿತೆಂದರೆ ನೀರಿಗೆ ಜಗ್ಗುವುದಿಲ್ಲ. ಇದು ನಮ್ಮ ಬೀಗರಿಗೆ ಪ್ರತ್ಯಕ್ಷ ಗೊತ್ತು. ಅವರು ಮಂತ್ರಾಲಯಕ್ಕೆ ಹೋಗುವ ದಾರಿಯಲ್ಲಿ ಒಂದು ನಸುಕಿನಲ್ಲಿ ನಮ್ಮ ಮನೆಗೆ ಬಂದಿಳಿದರು. ಅಷ್ಟರೊಳಗೆ ಬೆಕ್ಕು ಜಗಲಿಯ ಮೇಲಿನ ಸೀಸೆಯನ್ನು ಉರುಳಿಸಿತ್ತು. ಜಗಲಿಗೆ ಹಾಸಿದ್ದು ಕಡಪ ಕಲ್ಲು. ಕರೀ ಕಲ್ಲಿನ ಮೇಲೆ ಕರೀ ಇಂಕು, ಯಾರಿಗೆ ಕಾಣಬೇಕು? ಒಳಗೆ ಮಗ ಹಾಕಿಸಿದ ಬಿಳಿ ಟೈಲ್ಸ್. ಬೀಗರು ಶಾಸ್ತ್ರೋಕ್ತವಾಗಿ ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲಲ್ಲಿ, ನೇರವಾಗಿ ದೇವರ ಕೋಣೆಗೆ ನಡೆದರು. ಮೊಮ್ಮಗ ಹಾಸಿಗೆಯಿಂದ ಎದ್ದು ಬಂದವನು ಹೆಜ್ಜೆಗಳ ಸಾಲು ನೋಡಿ, "ತಾತಾ, ಇವತ್ತು ಕೃಷ್ಣಾಷ್ಟಮಿನಾ?" ಎಂದ. ಆಮೇಲೆ ಅವುಗಳ ಅಳತೆ ನೋಡಿ, "ಕೃಷ್ಣ ಭಾಳ ದೊಡ್ಡೋನಾಗ್ಯಾನ" ಎಂದು ತನಗೆ ತಾನೇ ಹೇಳಿಕೊಂಡ.

ಸೋಪು, ಸೀಮೆಎಣ್ಣೆ, ನಿಂಬೆಹಣ್ಣು ಎಲ್ಲ ಆಯಿತು. ಬೀಗರು ಕರೀ ಅಂಗಾಲಿನಲ್ಲೇ ಮಂತ್ರಾಲಯಕ್ಕೆ ಹೋದರು, ತುಂಗಭದ್ರೆಯಲ್ಲಿ ಮುಳುಗಿ ಎದ್ದರು. ಪಾಪ ಹೋಗಿರಬಹುದು, ಇಂಕು ಹೋಗಲಿಲ್ಲ. ನನ್ನಾಕೆ ಟೈಲ್ಸ್ ತಿಕ್ಕುತ್ತಾ, "ವೋಟು ಹಾಕಿದ ಬೆರಳಿಂದಾದ್ರೂ ಬೇಗ ಹೋಗ್ತದ" ಎಂದಳು. ಆ ಬೆರಳಿನ ಶಾಯಿಯೂ ನಮ್ಮವರದೇ ಎಂದು ನಾನು ಹೆಮ್ಮೆಯಿಂದ ಶುರುಮಾಡಿದೆ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಹಾಕಿಸಿದರು, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಶಾಯಿ ಹೋಗುತ್ತಿದೆ, ಅದರೊಳಗಿನ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಕಚ್ಚಿ ಬೆಳಕಿಗೆ ಕಪ್ಪಾಗುತ್ತದೆ, ಹೊಸ ಚರ್ಮ ಬರುವ ತನಕ ಬಿಡುವುದಿಲ್ಲ... ಅಷ್ಟರಲ್ಲಿ ತಿಕ್ಕುವ ಬ್ರಷ್ಷು ನನ್ನ ಕೈಗೆ ಬಂದಿತ್ತು.

ಅಂದಿನಿಂದ ಮನೆಯೊಳಗೆ ಇಂಕಿನ ಸೀಸೆಗೆ ಪ್ರವೇಶವಿಲ್ಲ. ಸಂಜೆಗೆ ಜಗಲಿ ಉಳಿದಿದೆ, ಹಗಲಲ್ಲಿ ನಾನು ಹೊಳೆದಂಡೆಗೆ ಹೋಗುತ್ತೇನೆ. ಬೇಸಿಗೆಯಲ್ಲಿ ತುಂಗಭದ್ರೆ ಒಣಗಿ ಬಂಡೆಗಳೆಲ್ಲ ಬೆನ್ನು ತೋರಿಸುತ್ತವೆ, ಆಚೆ ದಂಡೆ ತೆಲಂಗಾಣ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಆ ಬಂಡೆಗಳನ್ನು ನೋಡಿದರೆ ಒಂದು ಮಗ್ಗುಲು ಸುಣ್ಣದಂತೆ ಬಿಳಿ, ಇನ್ನೊಂದು ಕಪ್ಪು, ನಡುವೆ ಏನೂ ಇಲ್ಲ. ಸತುವಿನ ಬ್ಲಾಕಿಗೆಂದೇ ಹೇಳಿ ಮಾಡಿಸಿದ ಹಾಗಿರುತ್ತವೆ. ಈ ಸೀಮೆಯ ಎರೆಹೊಲ, ಬಂಡೆ, ಬೇಲಿಯ ಜಾಲಿಮುಳ್ಳು ಇವಕ್ಕೆಲ್ಲ ಕಪ್ಪು ಇಂಕೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ನೀರುಬಣ್ಣದವರು ಮಲೆನಾಡಿಗೆ ಹೋಗಲಿ.

ಒಂದೇ ಒಂದು ಕೊರತೆ. ಇಲ್ಲಿನ ಅಂಗಡಿಗಳಲ್ಲಿ ಜೆಲ್ ಪೆನ್ನು, ಸ್ಕೆಚ್ ಪೆನ್ನು ಬೇಕಾದಷ್ಟು ಸಿಗುತ್ತವೆ, ಅದ್ದಿ ಬರೆಯುವ ನಿಬ್ಬು ಕೇಳಿದರೆ ಹುಡುಗರು ನನ್ನ ಮುಖ ನೋಡುತ್ತಾರೆ. ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಮೇಜಿದ್ದರೆ ಅದರ ಡ್ರಾಯರ್ ಒಮ್ಮೆ ಜಾಲಾಡಿ ನೋಡಿ. ತುಕ್ಕು ಹಿಡಿಯದ ನಿಬ್ಬೇನಾದರೂ ಸಿಕ್ಕರೆ ಗುಜರಿಗೆ ಹಾಕಬೇಡಿ, ನನಗೆ ಕೊಡಿ. ಪ್ರತಿಯಾಗಿ ನಿಮ್ಮ ಮನೆಯವರಲ್ಲಿ ಯಾರದಾದರೂ ಮುಖ ಬರೆದುಕೊಡುತ್ತೇನೆ. ಮೀಸೆ ಇದ್ದವರಾದರೆ ಒಳ್ಳೆಯದು.