ಭಾವ, ಯಾವುದು ಬೆಸ್ಟು?

ಪಟ್ಟಿ ಮಾಡುವ ಗಂಡಸರು ಎಲ್ಲ ಕಾಲದಲ್ಲೂ ಇದ್ದರು. ನಮ್ಮ ಸೋದರಮಾವನ ಬಳಿ ರಾಜ್‌ಕುಮಾರ್ ಸಿನಿಮಾಗಳ ಪಟ್ಟಿಯಿತ್ತು. ‘ಮಯೂರ’ ಮೇಲೋ ‘ಬಬ್ರುವಾಹನ’ ಮೇಲೋ ಎಂದು ಬಸ್‌ಸ್ಟ್ಯಾಂಡಿನಲ್ಲಿ ವಾದಕ್ಕೆ ನಿಂತು, ಕಣ್ಣೆದುರಿಗೇ ಕೊನೆಯ ಬಸ್ಸನ್ನು ಬಿಟ್ಟುಕೊಂಡದ್ದೂ ಉಂಟು. ಎದುರುಮನೆ ಮೇಷ್ಟರು ವಿಶ್ವನಾಥರ ಶತಕಗಳಿಗೆ ಒಂದನೇ ದರ್ಜೆ, ಎರಡನೇ ದರ್ಜೆ ಎಂದು ಮಾರ್ಕ್ಸ್ ಹಾಕುತ್ತಿದ್ದರು. ಈ ಪರಂಪರೆ ನಿಂತುಹೋಗದಂತೆ ನೋಡಿಕೊಳ್ಳುವ ಹೊಣೆ ನಮ್ಮ ಕುಟುಂಬದಲ್ಲಿ ನನ್ನ ಹೆಂಡತಿಯ ತಮ್ಮನ ಹೆಗಲಿಗೆ ಬಿದ್ದಿದೆ. ಅವನ ಪಟ್ಟಿಯಲ್ಲಿರುವುದು ಸಿನಿಮಾ ಅಲ್ಲ, ಕ್ರಿಕೆಟ್ಟೂ ಅಲ್ಲ. ‘ಮೆಟಲ್ ಗೇರ್’ ಎಂಬ ವಿಡಿಯೋ ಗೇಮ್ ಸರಣಿ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಜಪಾನಿನ ಕೊನಾಮಿ ಕಂಪನಿ 1987ರಲ್ಲಿ ಶುರುಮಾಡಿದ ಆಟ ಇದು. ರೂಪಿಸಿದವರು ಹಿಡಿಯೊ ಕೊಜಿಮಾ. ಸ್ನೇಕ್ ಎಂಬ ಸೈನಿಕ ಶತ್ರುಗಳ ಠಾಣ್ಯದೊಳಗೆ ಕಳ್ಳಹೆಜ್ಜೆಯಲ್ಲಿ ನುಗ್ಗಿ ಕೆಲಸ ಮುಗಿಸಬೇಕು. ಯುದ್ಧದ ಆಟದಲ್ಲಿ ಆದಷ್ಟು ಯುದ್ಧ ಮಾಡಬೇಡ ಎಂಬ ಈ ಬುದ್ಧಿ ಹುಟ್ಟಿದ್ದು ಬಡತನದಿಂದ. ಎಂಎಸ್‌ಎಕ್ಸ್2 ಎಂಬ ಆಗಿನ ಕಂಪ್ಯೂಟರಿನ ಪರದೆಯ ಮೇಲೆ ನಾಲ್ಕಾರು ಶತ್ರುಗಳೂ ಅವರ ಗುಂಡುಗಳೂ ಒಟ್ಟಿಗೆ ಬಂದರೆ ಯಂತ್ರಕ್ಕೆ ತಡೆಯುತ್ತಿರಲಿಲ್ಲ. ಹೊಡೆದಾಡಲು ಆಗದಿದ್ದರೆ ಬೇಡ, ಅಡಗಿಕೊಂಡು ಹೋಗಲಿ ಎಂದರು ಕೊಜಿಮಾ. ಇದನ್ನೆಲ್ಲ ನಾನು ಓದಿ ತಿಳಿದದ್ದಲ್ಲ. ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ, ಕಾರು ರಿವರ್ಸ್ ತೆಗೆಯುತ್ತಿದ್ದಾಗ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದಾಗ ಕೇಳಿ ತಿಳಿದದ್ದು. ಆಸ್ಪತ್ರೆಗೆ ಅವನೇ ಕರೆದುಕೊಂಡು ಹೋಗಿದ್ದ. ಒಳ್ಳೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ.

ಸದ್ದಿಲ್ಲದೆ ಸಾಗುವ ವಿದ್ಯೆಯನ್ನು ಹೈಸ್ಕೂಲಿನಿಂದಲೇ ಅಭ್ಯಾಸ ಮಾಡಿದವನು ಸ್ವಲ್ಪ ಮೆತ್ತಗೆ ಓಡಾಡಬಹುದು ಎಂದು ನೀವು ಅಂದುಕೊಂಡಿದ್ದರೆ, ಇಲ್ಲ. ರಾತ್ರಿ ಹನ್ನೊಂದಕ್ಕೆ ಅವನು ನಮ್ಮ ಮನೆಗೆ ಬಂದರೆ ಗೇಟಿಗೆ ಗೊತ್ತಾಗುತ್ತದೆ, ಬೀದಿನಾಯಿಗೆ ಗೊತ್ತಾಗುತ್ತದೆ, ಹಿತ್ತಿಲ ಬಕೆಟ್ಟಿಗೆ ಗೊತ್ತಾಗುತ್ತದೆ. ಫೋನಿಗೆ ಮೆಸೇಜ್ ಬಂದರೆ ಕೇಳುವುದು ಕೂಡ ಆಟದ ಸದ್ದೇ. ಸ್ನೇಕ್ ಕಣ್ಣಿಗೆ ಬಿದ್ದೊಡನೆ ಕಾವಲುಗಾರನ ತಲೆಯ ಮೇಲೆ ಒಂದು ಆಶ್ಚರ್ಯಸೂಚಕ ಚಿಹ್ನೆ ಏಳುತ್ತದೆ, ಜೊತೆಗೊಂದು ಚೂಪು ದನಿ. ನಮ್ಮ ಮಾವನವರ ತಿಥಿಯ ದಿನ ಪಿಂಡ ಇಡುವ ಹೊತ್ತಿಗೆ ಸರಿಯಾಗಿ ಅದು ಮೊಳಗಿತು. ಪುರೋಹಿತರು ಮಂತ್ರ ನಿಲ್ಲಿಸಿ ಸುತ್ತ ನೋಡಿದರು. ಕರ್ತೃವೇ ಇವನು, ಫೋನು ಪಂಚೆಯ ಮಡಿಕೆಯಲ್ಲಿತ್ತು. ಇನ್ನು ಫ್ರಿಜ್ಜಿನದು, ಟಿವಿಯದು, ಮಿಕ್ಸಿಯದು ಎಂದು ಯಾವ ರಟ್ಟಿನ ಡಬ್ಬವನ್ನೂ ಎಸೆಯಲು ಬಿಡುವುದಿಲ್ಲ. ಸ್ನೇಕ್ ರಟ್ಟಿನ ಡಬ್ಬ ಬೋರಲು ಹಾಕಿಕೊಂಡು ಕಾವಲುಗಾರರ ಮೂಗಿನಡಿಯಲ್ಲೇ ಪಾರಾಗುತ್ತಾನೆ. ಆಗಲಿ, ಸಂತೋಷ. ಆದರೆ ಅವನ ಡಬ್ಬಗಳೆಲ್ಲ ಇರುವುದು ನಮ್ಮ ಅಟ್ಟದ ಮೇಲೆ.

ಇವನ್ನೆಲ್ಲ ತಡೆದುಕೊಳ್ಳಬಹುದು. ತಡೆಯಲಾಗದ್ದು ಅವನ ಪ್ರಶ್ನೆ: ‘ಭಾವ, ನಿಮ್ಮ ಪ್ರಕಾರ ಯಾವುದು ಬೆಸ್ಟು?’

ಅದು ಪ್ರಶ್ನೆಯಲ್ಲ, ಬೋನು. ‘ಮೂರನೆಯದು’ ಎನ್ನಿ. 2004ರ ‘ಸ್ನೇಕ್ ಈಟರ್’. 1964ರ ಸೋವಿಯತ್ ಕಾಡಿನಲ್ಲಿ ಹಾವು, ಕಪ್ಪೆ ಹಿಡಿದು ತಿಂದುಕೊಂಡು, ಮೈಗೆಲ್ಲ ಎಲೆಯ ಬಣ್ಣ ಬಳಿದುಕೊಂಡು ತೆವಳುವ ನಾಯಕನ ಕಥೆ. ನಮ್ಮವನ ಮುಖ ಹುಳ್ಳಗಾಗುತ್ತದೆ. ‘ಅದು ಎಲ್ಲರೂ ಹೇಳೋದೇ ಅಲ್ವಾ ಭಾವ.’ ನಾಲ್ಕನೆಯದೆಂದರೆ ಅಯ್ಯೋ ಪಾಪ ಎನ್ನುವ ನೋಟ. ‘ಪೀಸ್ ವಾಕರ್’ ಎಂದರೆ ಪಾಟೀಸವಾಲು: ‘ಪಿಎಸ್‌ಪಿಯಲ್ಲಿ ಆಡಿದ್ದಾ, ಆಮೇಲೆ ದೊಡ್ಡ ಪರದೆಗೆ ಬಂತಲ್ಲ, ಅದರಲ್ಲಾ?’ ಯಾವುದನ್ನು ಹೇಳಿದರೂ ಇನ್ನೊಂದರಲ್ಲೇ ಆಡಬೇಕಿತ್ತು.

ಅವನ ಪ್ರಕಾರ ಶ್ರೇಷ್ಠವಾದದ್ದು ಎರಡನೆಯದು, 2001ರ ‘ಸನ್ಸ್ ಆಫ್ ಲಿಬರ್ಟಿ’. ಜಾಹೀರಾತಿನ ತುಂಬ ಸ್ನೇಕನನ್ನೇ ತೋರಿಸಿ, ಜನ ದುಡ್ಡು ಕೊಟ್ಟು ತಂದು ಒಂದಿಷ್ಟು ಹೊತ್ತು ಆಡಿದ ಮೇಲೆ ಅವನನ್ನು ಬದಿಗಿಟ್ಟು, ರೈಡೆನ್ ಎಂಬ ಹೊಂಬಣ್ಣದ ಕೂದಲಿನ ಹೊಸ ಹುಡುಗನನ್ನು ಕೈಗೆ ಕೊಟ್ಟ ಆಟ. ಅಭಿಮಾನಿಗಳು ಉರಿದುಬಿದ್ದರು. ನಮ್ಮವನಿಗೆ ಅದೇ ಅದರ ಹೆಚ್ಚುಗಾರಿಕೆ. ‘ಕಡೆಯಲ್ಲಿ ಅಪ್ಪಣೆ ಕೊಡ್ತಿದ್ದ ಕರ್ನಲ್ಲೇ ಮನುಷ್ಯ ಅಲ್ಲ, ಕಂಪ್ಯೂಟರು ಅಂತ ಗೊತ್ತಾಗತ್ತೆ ಭಾವ. ಕಸದಂಥ ಮಾಹಿತಿ ರಾಶಿ ಬೀಳತ್ತೆ, ಜನ ತಮಗೆ ಬೇಕಾದ ಸತ್ಯ ಆರಿಸ್ಕೊಂಡು ಕೂರ್ತಾರೆ ಅಂತ ಕೊಜಿಮಾ 2001ರಲ್ಲೇ ಹೇಳಿದ್ದಾನೆ. ಈಗ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪ್ ನೋಡಿ!’ ನಮ್ಮ ದೊಡ್ಡಮ್ಮನ ಬೆಳಗಿನ ಫಾರ್ವರ್ಡುಗಳನ್ನು ಬಲ್ಲ ನಾನು ಇದಕ್ಕೆ ಎದುರಾಡಲಾರೆ. ಆದರೆ ಯಾರಾದರೂ ತಾವಾಗಿ ‘ಹೌದಪ್ಪ, ಎರಡನೆಯದೇ’ ಎಂದರೋ, ಅವನಿಗೆ ನೆಲವೇ ಜಾರುತ್ತದೆ. ‘ಈಚೆಗೆ ಹಾಗನ್ನೋದೂ ಒಂದು ಫ್ಯಾಷನ್ ಆಗಿದೆ’ ಎನ್ನುತ್ತಾನೆ.

ಈ ರೋಗಕ್ಕೆ ಮದ್ದು ಸಿಕ್ಕಿತೆಂದು ನಾನು ಹಿಗ್ಗಿದ್ದು ಸಂಬಂಧಿಕರ ಮದುವೆಯೊಂದರ ಊಟದ ಪಂಕ್ತಿಯಲ್ಲಿ. ಪಕ್ಕದ ಎಲೆಗೆ ಗಂಡಿನ ಕಡೆಯ ಕಾಲೇಜು ಹುಡುಗನೊಬ್ಬ ಕೂತಿದ್ದ. ನಮ್ಮವನ ಫೋನು ಆ ಸದ್ದು ಮಾಡಿತು. ಹುಡುಗ ತಟ್ಟನೆ ತಿರುಗಿದ. ಅಷ್ಟೇ ಸಾಕಾಯಿತು. ಉಪ್ಪು, ಉಪ್ಪಿನಕಾಯಿ ಬೀಳುವಷ್ಟರಲ್ಲಿ ಪರಿಚಯವಾಗಿ, ಕೋಸಂಬರಿಯ ಹೊತ್ತಿಗೆ ಪ್ರಶ್ನೆ ಬಂತು.

‘ಐದನೆಯದು,’ ಎಂದ ಹುಡುಗ. ‘ಅಫ್ಘಾನಿಸ್ತಾನದಲ್ಲಿ ಎಲ್ಲಿಂದ ಬೇಕಾದ್ರೂ ನುಗ್ಗಬಹುದು. ಕುರಿಗೂ ಬಲೂನ್ ಕಟ್ಟಿ ಹಾರಿಸಬಹುದು. ಉಳಿದವೆಲ್ಲ ಸಿನಿಮಾ.’

ನಮ್ಮವನು ಅನ್ನವನ್ನು ಎಡಕ್ಕೂ ಬಲಕ್ಕೂ ಸರಿಸಿ ಜಾಗ ಮಾಡಿಕೊಂಡ. ಹಪ್ಪಳ ಹಡಗಾಯಿತು, ಪಲ್ಯ ಅಲಾಸ್ಕಾದ ಶ್ಯಾಡೋ ಮೋಸೆಸ್ ದ್ವೀಪವಾಯಿತು. ‘ನೋಡಪ್ಪಾ, ಐದನೆಯದು ಮುಗಿದೇ ಇಲ್ಲ. ಕಡೇ ಅಧ್ಯಾಯದ ಚೂರುಪಾರು ಸ್ಪೆಷಲ್ ಎಡಿಷನ್ ಡಿಸ್ಕಿಗೆ ಹೋಯ್ತು. ಮುಗಿಯದ ಆಟ ಹೆಂಗೆ ಶ್ರೇಷ್ಠ ಆಗತ್ತೆ?’

‘ನಾಲ್ಕನೆಯದು ಮುಗಿಯೋದೇ ಇಲ್ವಲ್ಲ ಅಂಕಲ್!’ ಎಂದ ಹುಡುಗ.

ನಾಲ್ಕನೆಯದರ ಕೊನೆಯಲ್ಲಿ ಆಡುವವನು ಕೈಕಟ್ಟಿ ಕೂತು ಒಂದು ಗಂಟೆಗೂ ಮೇಲ್ಪಟ್ಟು ಬರೀ ನೋಡುತ್ತಲೇ ಇರಬೇಕಾಗುತ್ತದೆಂಬುದು ನಿಜ. ಆದರೆ ಭಾವಮೈದನಿಗೆ ನಾಟಿದ್ದು ಆ ಮಾತಲ್ಲ, ‘ಅಂಕಲ್’. ಅಲ್ಲಿಂದ ಅವನು ಹಠಕ್ಕೆ ಬಿದ್ದ. 1990ರ ಎಂಎಸ್‌ಎಕ್ಸ್ ಆಟದವರೆಗೂ ಹಿಂದಕ್ಕೆ ಹೋದ. ಹುಡುಗನೂ ಬಿಡಲಿಲ್ಲ. ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತ ತಲೆ ಎತ್ತಿ ನೋಡಿದಾಗ ಪಂಕ್ತಿ ಮಜ್ಜಿಗೆಗೆ ಬಂದಿತ್ತು. ‘ಹೋಳಿಗೆ?’ ಎಂದ ನಮ್ಮವನು. ಬಡಿಸಿಕೊಂಡು ಹೋಗಿ ಬಹಳ ಹೊತ್ತಾಗಿತ್ತು. ಅಡಗಿ ಸಾಗುವ ವಿದ್ಯೆಯ ಇಬ್ಬರು ಪಂಡಿತರ ಎಲೆಯ ಮುಂದೆಯೇ ಹೋಳಿಗೆಯವನು ಕಾಣದಂತೆ ಸಾಗಿಹೋಗಿದ್ದ. ನನ್ನ ಎಲೆಗೆ ಎರಡು ಬಿದ್ದಿದ್ದವು. ನಾನು ಬಾಯಿ ಬಿಡಲಿಲ್ಲ.

ಇಷ್ಟು ವಾದದಲ್ಲಿ ಒಂದು ವಿಷಯ ನಿಮ್ಮ ಗಮನಕ್ಕೆ ಬಂದಿರಬಹುದು. ಒಂದನೆಯದು, ಅಂದರೆ ಈ ಎಣಿಕೆ ಶುರುವಾಗುವ 1998ರ ‘ಮೆಟಲ್ ಗೇರ್ ಸಾಲಿಡ್’, ಅವನ ಪಟ್ಟಿಯಲ್ಲಿ ಇಲ್ಲ. ಕೇಳಿದರೆ ‘ಅದು ಲೆಕ್ಕಕ್ಕಿಲ್ಲ ಭಾವ’ ಎಂದು ಮಾತು ತಿರುಗಿಸುತ್ತಾನೆ. ಯಾಕೆಂದು ನನಗೆ ಗೊತ್ತು. ನಾನು ಅಲ್ಲೇ ಇದ್ದೆ.

1999. ನಾನು ಹೊಸ ಅಳಿಯ, ಮಾವನ ಮನೆಯಲ್ಲಿ ಮೊದಲ ದೀಪಾವಳಿ. ದುಬೈಯಿಂದ ಯಾರೋ ತಂದುಕೊಟ್ಟ ಪ್ಲೇಸ್ಟೇಷನ್ನಿನ ಮುಂದೆ ಹುಡುಗ ಅಳುಮೋರೆ ಹಾಕಿಕೊಂಡು ಕೂತಿದ್ದ. ಕಥೆ ಒಂದು ಕಡೆ ಬಂದು ನಿಂತಿತ್ತು. ಮೆರಿಲ್ ಎಂಬ ಹುಡುಗಿಯನ್ನು ರೇಡಿಯೋದಲ್ಲಿ ಕರೆಯಬೇಕು. ಅವಳ ನಂಬರು ಸಿ.ಡಿ. ಡಬ್ಬದ ಹಿಂಭಾಗದಲ್ಲಿದೆ ಎನ್ನುತ್ತದೆ ಆಟ. ಆಟದೊಳಗೂ ಸ್ನೇಕನ ಕೈಗೆ ಒಂದು ಡಿಸ್ಕ್ ಸಿಕ್ಕಿರುತ್ತದೆ, ಅದನ್ನು ತಿರುಗಿಸಿ ಮುರುಗಿಸಿ ನೋಡಿ ಸೋತಿದ್ದ. ನಂಬರು ನಿಜಕ್ಕೂ ಇದ್ದದ್ದು ಅಂಗಡಿಯಲ್ಲಿ ಮಾರುವ ಅಸಲಿ ಡಬ್ಬದ ಬೆನ್ನಿಗೆ ಅಚ್ಚಾದ ಚಿತ್ರವೊಂದರಲ್ಲಿ. ಇವನ ಹತ್ತಿರ ಡಬ್ಬವೆಲ್ಲಿ? ಮೆಜೆಸ್ಟಿಕ್ ಕಡೆಯ ಸಂದಿಯೊಂದರಲ್ಲಿ ಕೊಂಡ ಕಳ್ಳ ಸಿ.ಡಿ., ಪ್ಲಾಸ್ಟಿಕ್ ಕವರು, ಮೇಲೆ ಮಾರ್ಕರಿನಲ್ಲಿ ಗೀಚಿದ ಹೆಸರು. ಹೋಗಿ ಕೇಳಿದ್ದಕ್ಕೆ ಅಂಗಡಿಯವನು ‘ನಾನು ಗೇಮ್ ಮಾರೋನು, ಟೆಲಿಫೋನ್ ಡೈರೆಕ್ಟರಿ ಅಲ್ಲ’ ಎಂದನಂತೆ.

ಮಾವನವರು ಕನ್ನಡಕ ಹಾಕಿಕೊಂಡು ಬಂದು ಚಾಪೆಯ ಮೇಲೆ ಕೂತರು. ಎಳೆ ವಯಸ್ಸಿನಲ್ಲಿ ರೇಡಿಯೋ ಸಿಲೋನ್ ಹಿಡಿಯುತ್ತಿದ್ದ ಕೈ. ‘ಸ್ಟೇಷನ್ ತಾನೇ? ಕೊಡು ಇಲ್ಲಿ’ ಎಂದರು. ನಂಬರು 140ರಿಂದ ಶುರುವಾಗಿ ನೂರರ ಒಂದು ಪಾಲಿನಂತೆ ಏರುತ್ತ 141 ದಾಟುತ್ತದೆ. ಕೆಳಗಿನಿಂದ ಹೊರಟಿದ್ದರೆ ಕ್ಷಣದಲ್ಲಿ ಸಿಗುತ್ತಿತ್ತು. ಮಾವನವರು ರೇಡಿಯೋ ಮುಳ್ಳನ್ನು ಯಾವಾಗಲೂ ಮೇಲಿನಿಂದ ಕೆಳಕ್ಕೆ ತರುತ್ತಿದ್ದವರು, ಇಲ್ಲೂ ಹಾಗೇ ತಂದರು. ಒಂದೊಂದು ಮನೆಗೂ ನಿಂತು, ಕರೆದು, ಕಿವಿಗೊಟ್ಟು, ‘ಇಲ್ಲ’ ಎಂದು ಮುಂದಕ್ಕೆ. ಹೊಸ ಅಳಿಯನಿಗೆ ಕಾಫಿ ಕೊಟ್ಟಿದ್ದಾರಾ ಎಂದು ಕೇಳುವವರಿರಲಿಲ್ಲ. ಕತ್ತಲಾಗಿ ಬೀದಿಯಲ್ಲಿ ಪಟಾಕಿ ಶುರುವಾದ ಮೇಲೆ 140.15ರಲ್ಲಿ ಹೆಣ್ಣುದನಿಯೊಂದು ಓಗೊಟ್ಟಿತು. ‘ಸಿಕ್ಕಿದಳು ಕಣೋ!’ ಎಂದು ಮಾವನವರು ಕೂಗಿದ್ದಕ್ಕೆ ಅತ್ತೆಯವರು ಸೌಟು ಹಿಡಿದುಕೊಂಡೇ ಓಡಿಬಂದರು.

ಮರುದಿನ ಸೈಕೋ ಮ್ಯಾಂಟಿಸ್ ಎಂಬ ಖಳ ಬಂದ. ಕಂಟ್ರೋಲರನ್ನು ನೆಲದ ಮೇಲಿಡು, ಮನಸ್ಸಿನ ಬಲದಿಂದ ಅಲ್ಲಾಡಿಸುತ್ತೇನೆ ಎಂದ. ಹುಡುಗ ಇಟ್ಟ. ಅದು ರೆಡ್‌ಆಕ್ಸೈಡ್ ನೆಲದ ಮೇಲೆ ಗುರ್ರೆಂದು ತಾನಾಗಿ ತೆವಳಿತು. ಒಳಗೆ ನಡುಗುವ ಮೋಟಾರ್ ಇರುತ್ತದೆ ಎಂದು ನಾನು ಎಷ್ಟು ಹೇಳಿದರೂ ಅತ್ತೆಯವರು ಕೇಳದೆ ಉಪ್ಪು-ಮೆಣಸಿನಕಾಯಿ ತಂದು ಮಗನಿಗೂ ಪ್ಲೇಸ್ಟೇಷನ್ನಿಗೂ ಒಟ್ಟಿಗೇ ನಿವಾಳಿಸಿದರು.

ಈಗ ಭಾವಮೈದನಿಗೂ ನಲವತ್ತು ದಾಟಿದೆ. 2008ರ ನಾಲ್ಕನೆಯ ಆಟದಲ್ಲಿ ಸ್ನೇಕ್ ಅಕಾಲ ಮುಪ್ಪಿನಿಂದ ಮೀಸೆ ನರೆತು, ಆಗಾಗ ಸೊಂಟ ಹಿಡಿದುಕೊಂಡು ನಿಲ್ಲುತ್ತಾನೆ. ಆ ಆಟವನ್ನು ಇವನು ಮೊದಲಿನಷ್ಟು ಹೀಯಾಳಿಸುವುದಿಲ್ಲ. ಸೋಫಾದಿಂದ ಏಳುವಾಗ ಇವನ ಕೈಯೂ ಅಲ್ಲಿಗೇ ಹೋಗುತ್ತದೆ. 2015ರಲ್ಲಿ ಐದನೆಯದು ಬಂದ ವರ್ಷವೇ ಕೊಜಿಮಾ ಕೊನಾಮಿಯನ್ನು ಬಿಟ್ಟರು, ಆಟದ ಹೊದಿಕೆಯ ಮೇಲಿಂದ ಅವರ ಹೆಸರೂ ಹೋಯಿತು. ಇದನ್ನು ಅವನು ಹೇಳುವ ಧಾಟಿ ಅಣ್ಣತಮ್ಮಂದಿರ ಪಾಲಿನ ಪಂಚಾಯ್ತಿಯಲ್ಲಿ ಕೂತೆದ್ದು ಬಂದವನಂತಿರುತ್ತದೆ. 2025ರ ಆಗಸ್ಟಿನಲ್ಲಿ ಕೊನಾಮಿ ಮೂರನೆಯದನ್ನೇ ಹಳೆಯ ದನಿಗಳ ಸಮೇತ ‘ಡೆಲ್ಟಾ’ ಎಂದು ಹೊಸದಾಗಿ ತಂದಾಗ, ಬರೀ ಸುಣ್ಣಬಣ್ಣ ಎಂದು ಮೂಗು ಮುರಿದ. ಮೊದಲ ದಿನವೇ ಕೊಂಡ.

ಆ ಹೊತ್ತಿಗೆ ನಾನು ಕಾಲು ಉಳುಕಿಸಿಕೊಂಡು ಮಂಚ ಹಿಡಿದಿದ್ದೆ. ‘ಮೊದಲು ಹಳೇದನ್ನ ಆಡಿ ಭಾವ, ಆಮೇಲೆ ಹೊಸದು’ ಎಂದು ನಮ್ಮ ಅಟ್ಟ ಹತ್ತಿ ಮಿಕ್ಸಿ ಡಬ್ಬದೊಳಗಿಂದ ಪ್ಲೇಸ್ಟೇಷನ್ 2 ಇಳಿಸಿದ. ಆಡಿದೆ. ಕಾಡಿನಲ್ಲಿ ‘ದಿ ಎಂಡ್’ ಎಂಬ ನೂರು ದಾಟಿದ ಮುದುಕ ಬಂದೂಕುಗಾರ ಎದುರಾಗುತ್ತಾನೆ. ಅವನೊಡನೆ ಗಂಟೆಗಟ್ಟಲೆ ಕಣ್ಣಾಮುಚ್ಚಾಲೆಯಾಡಿ ಗೆಲ್ಲುವುದು ಶೂರರ ದಾರಿ. ಆಟವನ್ನು ಅಲ್ಲೇ ಉಳಿಸಿ ಒಂದು ವಾರ ಬಿಟ್ಟು ಬಂದರೆ ಮುದುಕ ವಯಸ್ಸಾಗಿ ತಾನೇ ಸತ್ತಿರುತ್ತಾನೆ. ನಾನು ವಾರ ಬಿಟ್ಟು ಬಂದೆ. ಭಾವಮೈದ ಎರಡು ದಿನ ಮಾತು ಬಿಟ್ಟ.

ಕೊನೆಯಲ್ಲಿ, ವಿದ್ಯೆ ಕಲಿಸಿದ ಗುರುವನ್ನೇ ಸ್ನೇಕ್ ಕೊಲ್ಲಬೇಕು. ಬಿಳಿ ಹೂಗಳ ನಡುವೆ ಅವಳು ಬಿದ್ದಿದ್ದಾಳೆ. ಅಲ್ಲಿಯವರೆಗೆ ಎಲ್ಲವನ್ನೂ ಸಿನಿಮಾದಂತೆ ತಾನೇ ತೋರಿಸುತ್ತಿದ್ದ ಆಟ ಅಲ್ಲಿ ಸುಮ್ಮನಾಗಿಬಿಡುತ್ತದೆ. ಗುಂಡಿಯನ್ನು ನಾವೇ ಒತ್ತಬೇಕು. ಒತ್ತದಿದ್ದರೆ ಆಟ ಕಾಯುತ್ತದೆ. ನಾನು ಒತ್ತಲಿಲ್ಲ. ‘ಇದೇನೋ ಇದು’ ಎಂದು ತಿರುಗಿದರೆ ಕುರ್ಚಿಯಲ್ಲಿ ಅವನಿಲ್ಲ. ಬಾಗಿಲು ಸದ್ದಾಗಲಿಲ್ಲ, ಬಕೆಟ್ ಉರುಳಲಿಲ್ಲ. ಜೀವಮಾನದಲ್ಲಿ ಒಮ್ಮೆ ಅವನು ಯಾರಿಗೂ ತಿಳಿಯದಂತೆ ಎದ್ದು ಹೋಗಿದ್ದ. ಅಡುಗೆಮನೆಯಲ್ಲಿ ಅಕ್ಕನ ಹತ್ತಿರ ಕಾಫಿ ಕೇಳುತ್ತ ನಿಂತಿದ್ದನಂತೆ.

ಅರ್ಧ ಗಂಟೆ ಬಿಟ್ಟು ಲೋಟ ಹಿಡಿದು ಬಂದವನೇ, ‘ಈಗ ಹೇಳಿ ಭಾವ, ಯಾವುದು ಬೆಸ್ಟು?’ ಎಂದ.

‘ಮೂರನೆಯದು.’

‘ಎಲ್ಲರೂ ಅದನ್ನೇ ಹೇಳ್ತಾರೆ’ ಎಂದ.

ಹೇಳಲಿ. ಉಳಿದವನ್ನೂ ಅವನು ಬಿಡದೆ ಆಡಿಸಿದ್ದಾನಾದ್ದರಿಂದ ನನ್ನ ಪಟ್ಟಿಯನ್ನೂ ಇಲ್ಲೇ ಬರೆದುಬಿಡುತ್ತೇನೆ: ಮೂರು, ಐದು, ನಾಲ್ಕು, ಎಲ್ಲಕ್ಕಿಂತ ಕೆಳಗೆ ಎರಡು. ಒಂದನೆಯದನ್ನು ನಾನೂ ಸೇರಿಸಿಲ್ಲ. ಎರಡನೆಯದರ ಪರವಾಗಿ ವಕಾಲತ್ತು ಹಾಕುವವರು ನನ್ನನ್ನು ಬಿಟ್ಟು ನೇರವಾಗಿ ಅವನನ್ನೇ ಕಾಣಬೇಕು. ಭಾನುವಾರ ಊಟದ ಹೊತ್ತಿಗೆ ನಮ್ಮ ಮನೆಯಲ್ಲೇ ಇರುತ್ತಾನೆ. ಬರುವವರು ಹೋಗುವಾಗ ತಲಾ ಒಂದು ರಟ್ಟಿನ ಡಬ್ಬ ತೆಗೆದುಕೊಂಡು ಹೋದರೆ ಉಪಕಾರವಾದೀತು.