ಬಲಗಾಲು, ಸರ್, ಬಲಗಾಲು

ನಮ್ಮವ್ವನಿಗೆ ಎಂಬತ್ತನಾಲ್ಕು. ಕೊಕ್ಕನೂರಿನ ಮನೆಯ ಪಡಸಾಲೆಯಲ್ಲಿ ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದೆ. ಎಡಗೈಯಲ್ಲಿ ಊಟದ ತಟ್ಟೆ, ಬಲಗೈಯಲ್ಲಿ ಲಟ್ಟಣಿಗೆ. ಲಟ್ಟಣಿಗೆಯನ್ನು ನಿಧಾನವಾಗಿ ಮುಂದಕ್ಕೆ ತಳ್ಳುತ್ತ, ಬಲಗಾಲಿನಿಂದ ನೆಲ ಒತ್ತುತ್ತ, "ನಲವತ್ತು... ಐವತ್ತು... ಎತ್ತು... ಅರವತ್ತೇಳು" ಎಂದು ಗೊಣಗುತ್ತಿದ್ದೆ. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳಂತೆ. ಆಮೇಲೆ ನನ್ನ ಹೆಂಡತಿಯನ್ನು ಕರೆದು ಮೆಲ್ಲಗೆ ಹೇಳಿದಳು: "ಇವನಿಗೆ ಗಾಳಿ ಮೆಟ್ಟೈತೆ ಕಣೆ. ಶನಿವಾರ ಹನುಮಪ್ಪನ ಗುಡಿಗೆ ಕರ್ಕಂಡು ಹೋಗಿ ಬರಾನ."

ರೋಗ ಪತ್ತೆ ಮಾಡುವುದರಲ್ಲಿ ಅವ್ವ ಯಾವತ್ತೂ ತಪ್ಪಿಲ್ಲ. ನನಗೆ ಮೆಟ್ಟಿದ್ದು ಗಾಳಿಯೇ. ವಿಮಾನ ಕಲಿಯುವವರು ಹೀಗೆ ಕುರ್ಚಿಯ ಮೇಲೆ ಕೂತು ಕೈಕಾಲು ಆಡಿಸುವುದು ಲೋಕದಲ್ಲೆಲ್ಲ ಇರುವ ಅಭ್ಯಾಸ. ಮೇಲೆ ಹೋದರೆ ಗಂಟೆಯ ಲೆಕ್ಕದಲ್ಲಿ ದುಡ್ಡು, ಕುರ್ಚಿ ಪುಕ್ಕಟೆ.

ಮಲೇಬೆನ್ನೂರಿನ ಹತ್ತಿರದ ನಮ್ಮೂರು ಸುತ್ತಲ ಸೀಮೆಗೆಲ್ಲ ಗೊತ್ತಿರುವುದೇ ಹನುಮಪ್ಪನಿಂದ. ಹೊಸ ಟ್ರ್ಯಾಕ್ಟರ್ ಕೊಂಡವರು ಮೊದಲು ತಂದು ನಿಲ್ಲಿಸುವುದು ಅವನ ಮುಂದೆ. ಹಾರಾಟದ ವಿಷಯದಲ್ಲಿ ನಾವು ಬೇರೆಯವರಿಂದ ಕಲಿಯುವುದು ಏನೂ ಇಲ್ಲ ಎಂಬ ಜಂಬ ನನಗೂ ಚಿಕ್ಕಂದಿನಿಂದ ಇತ್ತು. ಈಗ ಯೋಚಿಸಿದರೆ ಒಂದು ಕೊರತೆ ಕಾಣುತ್ತದೆ. ಹರಿಕಥೆಯ ದಾಸರು ಹನುಮಪ್ಪ ಬೆಟ್ಟದ ಮೇಲೆ ನಿಂತು, ಮೈ ಬೆಳೆಸಿ, ಉಸಿರು ಬಿಗಿಹಿಡಿದು ಹಾರಿದ್ದನ್ನು ಅರ್ಧ ಗಂಟೆ ಹೇಳುತ್ತಾರೆ. ಲಂಕೆಯಲ್ಲಿ ಇಳಿದದ್ದನ್ನು ಒಂದೇ ಉಸಿರಿನಲ್ಲಿ ಮುಗಿಸಿ ಮಂಗಳಾರತಿ ತಟ್ಟೆ ಕಳಿಸುತ್ತಾರೆ. ಇಳಿಯುವುದರಲ್ಲಿ ಏನಿದೆ ಮಹಾ ಎಂದು ನಾನೂ ನಂಬಿಕೊಂಡುಬಿಟ್ಟಿದ್ದೆ.

ನಾನು ದಾವಣಗೆರೆಯಲ್ಲಿ ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವನು. ನೋಟ್‌ಬುಕ್ಕಿನ ಹಾಳೆ ಹರಿದು, ತುಟಿಗೆ ಹಿಡಿದು ಮೇಲಿನಿಂದ ಊದಿ, ಹಾಳೆ ಏಳುವುದನ್ನು ತೋರಿಸಿ, "ನೋಡ್ರೋ, ವಿಮಾನ ಹಾರೋದು ಹಿಂಗೇ" ಎಂದು ಮೂವತ್ತು ಸಲ ಹೇಳಿದ್ದೇನೆ. ನಿವೃತ್ತಿಯ ದುಡ್ಡು ಬಂದಾಗ, ಇಷ್ಟು ವರ್ಷ ಹೇಳಿದ್ದು ನಿಜವೋ ಸುಳ್ಳೋ ಒಂದು ಸಲ ನೋಡಿಯೇಬಿಡೋಣ ಅನ್ನಿಸಿತು. ಹೆಂಡತಿ ಅಂದಳು: "ಜನ ನಿವೃತ್ತಿ ದುಡ್ಡಲ್ಲಿ ಮನೆ ಮೇಲೊಂದು ಮಹಡಿ ಎಬ್ಬಿಸ್ತಾರೆ. ನೀವು ಒಂದೇ ಸಲಕ್ಕೆ ಸಾವಿರ ಅಡಿ ಮೇಲೆ ಹೊಂಟೀರಿ."

ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಪಕ್ಕದ ಶಿವಮೊಗ್ಗಕ್ಕೆ 2023ರ ಫೆಬ್ರವರಿಯಲ್ಲಿ 3.2 ಕಿಲೋಮೀಟರ್ ಉದ್ದದ ರನ್‌ವೇ ಬಂತು. ನಮ್ಮ ಕಡೆ ಅಷ್ಟುದ್ದ ಸಪಾಟಾಗಿ ಸಿಗುವುದು ಡಾಂಬರು ರಸ್ತೆ ಒಂದೇ. ಸುಗ್ಗಿಯಲ್ಲಿ ಅದರ ಮೇಲೂ ಅರ್ಧಕ್ಕೆ ಭತ್ತ, ಅರ್ಧಕ್ಕೆ ಮೆಕ್ಕೆಜೋಳ ಒಣಗುತ್ತಿರುತ್ತದೆ. ಹಾಗಾಗಿ ಊರು ಬಿಟ್ಟು ದೂರದ ಒಂದು ತರಬೇತಿ ಶಾಲೆಗೆ ಸೇರಿದೆ. ಶಾಲೆಯ ಹೆಸರು ಹೇಳುವುದಿಲ್ಲ. ಅವರ ಮರ್ಯಾದೆಯ ಪ್ರಶ್ನೆ.

ವಿಮಾನ ಎಂದರೆ ಸೆಸ್ನಾ 152. ಎರಡು ಸೀಟು, 110 ಅಶ್ವಶಕ್ತಿ. ನಮ್ಮ ಶಿಕ್ಷಕಿಗೆ ಇಪ್ಪತ್ತಾರು ವರ್ಷ. ನನ್ನ ಕಿರಿ ಮಗಳಿಗಿಂತ ಒಂದು ವರ್ಷ ಚಿಕ್ಕವಳು. ಅವಳು ನನ್ನನ್ನು "ಸರ್" ಅನ್ನುತ್ತಾಳೆ, ನಾನು "ಮೇಡಂ" ಅನ್ನುತ್ತೇನೆ. ಯಾರು ಯಾರಿಗೆ ಹೆದರುತ್ತಾರೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಮೊದಲ ದಿನ ಕೇಳಿದ್ದು ತೂಕ. ತುಂಬಿದ ವಿಮಾನ 757 ಕಿಲೋ ದಾಟುವಂತಿಲ್ಲ. ನಾನು, ಅವಳು, ಪೆಟ್ರೋಲು, ವಿಮಾನ ಎಲ್ಲಾ ಸೇರಿ. ಎಂಬತ್ತು ಎಂದೆ. ಅವಳು ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, ಮೂಲೆಯಲ್ಲಿದ್ದ ತಕ್ಕಡಿ ತೋರಿಸಿದಳು. ತೊಂಬತ್ತೊಂದು. ಮಂಡಿಯಲ್ಲಿ ನಮ್ಮ ಭತ್ತದ ಚೀಲವನ್ನು ಕಡಿಮೆ ತೂಗಿದರೆಂದು ಜೀವಮಾನವಿಡೀ ಜಗಳವಾಡಿದ ವಂಶ ನಮ್ಮದು. ತೂಕ ಜಾಸ್ತಿ ಬಂತೆಂದು ನಾಚಿದ್ದು ಅದೇ ಮೊದಲು. ದಾವಣಗೆರೆಯ ಬೆಣ್ಣೆ ದೋಸೆಯನ್ನು ಮನಸ್ಸಿನಲ್ಲೇ ಬೈದುಕೊಂಡೆ. ಅದರದೇನೂ ತಪ್ಪಿರಲಿಲ್ಲ.

ಏರುವ ಮೊದಲು ವಿಮಾನದ ಸುತ್ತ ಪ್ರದಕ್ಷಿಣೆ. ರೆಕ್ಕೆಯ ಅಡಿಯಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನಂಥ ಲೋಟಕ್ಕೆ ಇಳಿಸಿ ಬೆಳಕಿಗೆ ಹಿಡಿದು ನೋಡಬೇಕು. ನೀರು ಸೇರಿದ್ದರೆ ಭಾರಕ್ಕೆ ಅಡಿಯಲ್ಲಿ ನಿಂತಿರುತ್ತದೆ. ಹಾಲಿನ ಡೇರಿಯಲ್ಲಿ ನಮ್ಮ ಹಾಲನ್ನು ಎಷ್ಟು ಅನುಮಾನದಿಂದ ನೋಡುತ್ತಾರೋ ಅಷ್ಟೇ ಅನುಮಾನದಿಂದ ನೋಡಿದೆ. ಇದೊಂದರಲ್ಲಿ ಮೇಡಂ ನನ್ನನ್ನು ಹೊಗಳಿದರು.

ಹೊಗಳಿಕೆ ಅಲ್ಲಿಗೆ ಮುಗಿಯಿತು. ನೆಲದ ಮೇಲೆ ಓಡಿಸುವಾಗ, ಮುಂದೆ ಸ್ಟಿಯರಿಂಗಿನಂಥದ್ದು ಇದೆಯಲ್ಲ ಎಂದು ಅದನ್ನು ತಿರುಗಿಸಿದೆ. ವಿಮಾನ ನೆಟ್ಟಗೆ ಹುಲ್ಲಿನ ಕಡೆ ಹೊರಟಿತು. ಇನ್ನಷ್ಟು ತಿರುಗಿಸಿದೆ. ಇನ್ನಷ್ಟು ಹುಲ್ಲು. ನೆಲದ ಮೇಲೆ ಅದು ತಿರುಗುವುದು ಕಾಲಿನಿಂದ. ಎರಡು ಪೆಡಲ್ಲು, ಬಲ ಒತ್ತಿದರೆ ಬಲಕ್ಕೆ, ಎಡ ಒತ್ತಿದರೆ ಎಡಕ್ಕೆ. ಪೆಡಲ್ಲಿನ ತುದಿ ಒತ್ತಿದರೆ ಬ್ರೇಕು. ಐವತ್ತು ವರ್ಷದ ಕೆಳಗೆ ಅಪ್ಪನ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಊರಿನ ಚರಂಡಿಗಳನ್ನೆಲ್ಲ ಪರಿಚಯ ಮಾಡಿಕೊಂಡ ಮೇಲೆ, ಕಾಲಿಗೆ ಇಂಥ ಅವಮಾನ ಆಗಿರಲಿಲ್ಲ.

ಆಮೇಲೆ ಹಾರುವುದು. ಥ್ರಾಟಲ್ ಪೂರ್ತಿ ಮುಂದಕ್ಕೆ ತಳ್ಳಿದರೆ ಎಂಜಿನ್ ಅಬ್ಬರಿಸುತ್ತದೆ, ಮೂತಿ ಎಡಕ್ಕೆ ಹೊರಳುತ್ತದೆ. ಯಾಕೆಂದು ನನಗೆ ಗೊತ್ತಿತ್ತು. ಪಂಖ ನಮ್ಮ ಕಡೆಯಿಂದ ನೋಡಿದರೆ ಬಲಕ್ಕೆ ಸುತ್ತುತ್ತದೆ; ಅದು ತಳ್ಳಿದ ಗಾಳಿ ಸುರುಳಿಸುತ್ತಿ ಬಾಲವನ್ನು ಎಡಗಡೆಯಿಂದ ಬಡಿಯುತ್ತದೆ; ಜೊತೆಗೆ ಎಂಜಿನ್ನಿನ ತಿರುಚು. ಇದನ್ನು ಮೇಡಂಗೆ ವಿವರಿಸಲು ಶುರು ಮಾಡಿದೆ. ವಿವರಣೆ ಅರ್ಧಕ್ಕೆ ಬರುವಷ್ಟರಲ್ಲಿ ನಾವು ರನ್‌ವೇಯ ಎಡ ಅಂಚಿಗೆ ಬಂದಿದ್ದೆವು. "ಬಲಗಾಲು, ಸರ್, ಬಲಗಾಲು!"

ಮದುಮಗಳನ್ನು ಮನೆ ತುಂಬಿಸಿಕೊಳ್ಳುವಾಗ ಬಲಗಾಲಿಟ್ಟು ಬಾ ಎಂದು ನಮ್ಮ ಹೆಂಗಸರು ಹೇಳುತ್ತಾರಲ್ಲ, ಆಕಾಶಕ್ಕೂ ಅದೇ ಶಾಸ್ತ್ರ. ಬಲಗಾಲು ಒತ್ತಿಕೊಂಡೇ ಒಳಗೆ ಹೋಗಬೇಕು. ವಿಮಾನ ಎಡಕ್ಕೆ ಯಾಕೆ ಹೋಗುತ್ತದೆ ಎಂದು ಮೂವತ್ತು ವರ್ಷ ತಿಳಿದಿದ್ದರೂ ಹೋಗದಂತೆ ತಡೆಯುವ ಸುದ್ದಿ ನನ್ನ ಕಾಲಿಗೆ ಮುಟ್ಟಿರಲಿಲ್ಲ. ಭದ್ರಾ ನಾಲೆಯ ನೀರು ನಮ್ಮ ಕೊನೇ ಭಾಗದ ಗದ್ದೆಗೆ ಮುಟ್ಟುವಂತೆ, ತಲೆಯಿಂದ ಕಾಲಿಗೆ ಬರಲು ಹಲವು ವಾರ ಬೇಕಾಯಿತು.

ಐವತ್ತು ನಾಟ್ ಆದಾಗ ಮೂತಿ ಎತ್ತಬೇಕು. ಐವತ್ತು ನಾಟ್ ಎಂದರೆ ಗಂಟೆಗೆ ಸುಮಾರು 93 ಕಿಲೋಮೀಟರ್. ದಾವಣಗೆರೆ–ಹರಿಹರದ ನಡುವೆ ಓಡುವ ಬಸ್ಸುಗಳು ಈ ವೇಗವನ್ನು ಎಂದೋ ಕಂಡಿವೆ. ಎರಡು ರೆಕ್ಕೆ ಜೋಡಿಸಿದ್ದರೆ ಟಿಕೆಟ್ ಕೊಡುವ ಮೊದಲೇ ತುಂಗಭದ್ರೆ ದಾಟಿರುತ್ತಿದ್ದವು. ಸಮುದ್ರ ಮಟ್ಟದಲ್ಲಿ ಈ ವಿಮಾನ ಸುಮಾರು 220 ಮೀಟರ್ ಓಡಿದರೆ ನೆಲ ಬಿಡುತ್ತದೆ. ಬೆಂಗಳೂರಿನಂಥ ಮೂರು ಸಾವಿರ ಅಡಿಯ ಊರಲ್ಲಿ ಗಾಳಿ ತೆಳು, ಇನ್ನಷ್ಟು ಓಡಬೇಕು. ಮಧ್ಯಾಹ್ನದ ಬಿಸಿಲಿಗೆ ಇನ್ನೂ ಅಷ್ಟು. ಬೇಸಿಗೆಯಲ್ಲಿ ಮೈ ಭಾರ ಅನ್ನಿಸುವುದು ನನಗೊಬ್ಬನಿಗೇ ಅಲ್ಲ ಎಂದು ಸಮಾಧಾನವಾಯಿತು.

ಬೆಂಗಳೂರು ಎಂದಾಗ ನೆನಪಾಯಿತು. ಅಲ್ಲಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1940ರ ದಶಕದ ಕೊನೆಯಿಂದ ಇದೆ. ಅಲ್ಲಿ ಕಲಿತ ಉಷಾ ಸುಂದರಂ, ಗಂಡ ವಿ. ಸುಂದರಂ ಜೊತೆ 1951ರಲ್ಲಿ ಡವ್ ಎಂಬ ಎರಡು ಎಂಜಿನ್ನಿನ ವಿಮಾನವನ್ನು ಇಂಗ್ಲೆಂಡಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ಹಾರಿಸಿ ತಂದರು. ಅದೇ ವರ್ಷ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಎಚ್‌ಟಿ-2 ತರಬೇತಿ ವಿಮಾನ ಮೊದಲ ಬಾರಿ ಹಾರಿತು. 1958ರಲ್ಲಿ ಅವರದೇ ಪುಷ್ಪಕ್ ಬಂತು. ಬಟ್ಟೆ ಹೊದಿಸಿದ ಎರಡು ಸೀಟಿನದು, ದೇಶದ ಎಷ್ಟೋ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹುಡುಗರು ಅದರಲ್ಲೇ ಕಲಿತರು. ಇದನ್ನೆಲ್ಲ ಹೆಂಡತಿಗೆ ಹೇಳಿ, "ಗಂಡ ಹೆಂಡತಿ ಇಬ್ಬರೂ ಹೋಗಿದ್ದರು ನೋಡು" ಎಂದೆ. "ಆ ಮನೇಲಿ ಹೆಂಡತಿಗೂ ಓಡಿಸೋಕೆ ಬರ್ತಿತ್ತು" ಎಂದಳು.

ಏರುವುದು ನಾಲ್ಕನೇ ಪಾಠಕ್ಕೆ ಬಂತು. ಒಂದು ಸುತ್ತು ಎಂದರೆ ಏರಿ, ಎಡಕ್ಕೆ ತಿರುಗಿ, ಸಾವಿರ ಅಡಿಯಲ್ಲಿ ರನ್‌ವೇಗೆ ಸಮವಾಗಿ ಹಿಂದಕ್ಕೆ ಹೋಗಿ, ಮತ್ತೆರಡು ತಿರುವು ತಿರುಗಿ ಎದುರಿಗೆ ಬರುವುದು. ಗದ್ದೆಯ ನಾಲ್ಕು ಬದುವಿನ ಮೇಲೆ ನಡೆದು ಬಂದ ಹಾಗೆ. ಅಲ್ಲಿಂದ ಇಳಿಯುವುದು ಶುರು. ನನ್ನ ಕಷ್ಟವೂ ಶುರು.

ಮೇಡಂ ಹೇಳಿಕೊಟ್ಟದ್ದು ಹೀಗೆ. ಅರವತ್ತು ಅರವತ್ತೈದು ನಾಟ್‌ನಲ್ಲಿ ಇಳಿಜಾರಾಗಿ ಬನ್ನಿ. ನೆಲ ಹತ್ತಿರವಾದಾಗ, ಹಂಚಿನ ಮನೆಯ ಮಾಡಿನಷ್ಟು ಎತ್ತರದಲ್ಲಿ, ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆಯಿರಿ. ಇಳಿಜಾರು ಬಿಡಿಸಿ ನೆಲಕ್ಕೆ ಸಮ ಮಾಡಿ. ಆಮೇಲೆ?

"ಆಮೇಲೆ ಇಳಿಸಬೇಡಿ, ಸರ್."

"ಇಳಿಸೋದು ಕಲಿಯೋಕಲ್ವಾ ಮೇಡಂ ಬಂದಿರೋದು?"

"ಇಳಿಸಬಾರದು. ಇಳಿಯೋದು ಬೇಡ ಬೇಡ ಅಂತ ಸ್ಟಿಯರಿಂಗನ್ನ ಮೆಲ್ಲಗೆ ಹಿಂದಕ್ಕೆ ಎಳೀತಾ ಇರಿ. ವೇಗ ಸಾಯುತ್ತೆ. ಅದೇ ಇಳಿಯುತ್ತೆ."

ನಿವೃತ್ತ ಮೇಷ್ಟರ ಬುದ್ಧಿ ಇಂಥದ್ದನ್ನು ಒಪ್ಪುವುದಿಲ್ಲ. ನೆಲ ಕಂಡ ಕೂಡಲೇ ನಾನು ಗಾಲಿ ಊರಿಬಿಟ್ಟೆ. ಹರಿಹರದ ಸ್ನಾನಘಟ್ಟದಲ್ಲಿ ಹುಡುಗರು ಚಪ್ಪಟೆ ಬಿಲ್ಲೆ ಎಸೆದು ನೀರಿನ ಮೇಲೆ ಪುಟಿಸುತ್ತಾರಲ್ಲ, ಹಾಗೆ ಮೂರು ಸಲ ಪುಟಿದೆವು. ಎರಡನೆಯದರಲ್ಲಿ ನನ್ನ ಕನ್ನಡಕ ಹಾರಿತು. ಮುಂದಿನ ಸಲ ಹೆದರಿ ಜೋರಾಗಿ ಎಳೆದೆ; ನೆಲದ ಹತ್ತಿರ ಬಂದದ್ದು ಬಲೂನಿನಂತೆ ಮತ್ತೆ ಮೇಲೆದ್ದಿತು. "ಮತ್ತೆ ಸುತ್ತು" ಎಂದರು ಮೇಡಂ. ಪೂರ್ತಿ ಥ್ರಾಟಲ್, ಬಲಗಾಲು. ಕೈ ಅಡ್ಡ ಹಾಕಿದವರನ್ನು ನೋಡಿಯೂ ನಿಲ್ಲಿಸದೆ ಹೋಗುವ ಬಸ್ಸಿನ ಡ್ರೈವರಿಗೆ ಎಂಥ ಸುಖವಿರುತ್ತದೆ ಎಂದು ಆವತ್ತು ಗೊತ್ತಾಯಿತು. ಆ ಬೆಳಗ್ಗೆ ಏಳು ಸಲ ನಿಲ್ಲಿಸದೆ ಹೋದೆ.

ಸೋತು ಊರಿಗೆ ಬಂದೆ. ನಾಟಿ ಮುಗಿದು ಗದ್ದೆಯಲ್ಲಿ ನೀರು ನಿಂತಿತ್ತು. ಬದುವಿನ ಮೇಲೆ ಸುಮ್ಮನೆ ಕೂತಿದ್ದಾಗ ಬಿಳಿ ಕೊಕ್ಕರೆಗಳು ಒಂದೊಂದಾಗಿ ಬಂದವು. ಚಿಕ್ಕಂದಿನಿಂದ ನೋಡಿದ ಹಕ್ಕಿ, ಅವತ್ತು ಮಾತ್ರ ಕಣ್ಣಿಟ್ಟು ನೋಡಿದೆ. ತಗ್ಗಿನಲ್ಲಿ ಬಂತು. ರೆಕ್ಕೆಯನ್ನು ಬೊಗಸೆಯಂತೆ ಬಗ್ಗಿಸಿತು. ಕಾಲು ಇಳಿಬಿಟ್ಟು ಎದೆ ಎತ್ತಿತು. ನೀರಿಗೆ ಮೊಳದಷ್ಟು ಮೇಲೆ ಒಂದು ಗಳಿಗೆ ಇನ್ನೂ ಹಾರುತ್ತಲೇ ಇತ್ತು. ಇನ್ನು ಹಾರಲಾರೆ ಅನ್ನುವಾಗ ನಿಂತಿತ್ತು. ಸಸಿ ಅಲುಗಲಿಲ್ಲ. ಇಪ್ಪತ್ತು ಕೊಕ್ಕರೆ ಎಣಿಸಿದೆ. ಒಂದೂ ಪುಟಿಯಲಿಲ್ಲ, ಒಂದೂ ಮತ್ತೆ ಸುತ್ತು ಹೋಗಲಿಲ್ಲ.

ಗದ್ದೆ ನೋಡಿಕೊಳ್ಳುವ ತಮ್ಮ ಬಂದ. "ಏನಣ್ಣಾ, ಕೊಕ್ಕರೆ ನೋಡಾಕೆ ಬೆಂಗಳೂರು ಕಡೀಗೆ ಹೋಗಿ ಅಷ್ಟು ದುಡ್ಡು ಕಟ್ಟಬೇಕಿತ್ತಾ?"

ಕೊಕ್ಕರೆಯ ಪಾಠವನ್ನು ಮೇಡಂಗೆ ವರದಿ ಮಾಡಿದೆ. ಅದಕ್ಕೆ ರೆಕ್ಕೆ ಬಡಿಯುವ ಸೌಕರ್ಯವಿದೆ, ನಿಮಗಿಲ್ಲ ಎಂದು ಎಚ್ಚರಿಸಿದರು. ಇನ್ನೊಂದು ಗುಟ್ಟನ್ನೂ ಹೇಳಿದರು: ಮೂತಿಯ ಮುಂದಿನ ನೆಲ ನೋಡಬೇಡಿ, ರನ್‌ವೇಯ ಆಚೆ ತುದಿ ನೋಡಿ. ಹತ್ತಿರ ನೋಡಿದರೆ ನೆಲ ಮುಖಕ್ಕೆ ನುಗ್ಗಿ ಬಂದಂತಾಗುತ್ತದೆ, ಕೈ ಬೆದರುತ್ತದೆ. ಆಚೆ ತುದಿ ನೋಡಿದೆ. ಎಳೆದೆ, ಇನ್ನೂ ಸ್ವಲ್ಪ ಎಳೆದೆ. ರೆಕ್ಕೆಯ ಕಡೆಯಿಂದ ಜಾತ್ರೆಯ ಪೀಪಿಯಂಥ ಸದ್ದು ಬಂತು. ಅದು ಎಚ್ಚರಿಕೆಯ ಕೊಳಲು. ರೆಕ್ಕೆ ಇನ್ನು ಭಾರ ಹೊರಲಾರೆ ಅನ್ನುವುದಕ್ಕೆ ಸ್ವಲ್ಪ ಮೊದಲು ಗಾಳಿಯೇ ಅದನ್ನು ಊದುತ್ತದೆ. ಸಾವಿರ ಅಡಿ ಮೇಲೆ ಕೇಳಿದರೆ ಜೀವ ಹೋಗುವ ಸದ್ದು. ನೆಲದಿಂದ ಗೇಣು ಮೇಲೆ ಅದೇ ವಾಲಗ. ಹಿಂದಿನ ಎರಡು ಗಾಲಿ ಮುಟ್ಟಿದವು, ಆಮೇಲೆ ಮೂತಿಯದು. ಮೇಡಂ ಏನೂ ಹೇಳಲಿಲ್ಲ. ಅವರು ಏನೂ ಹೇಳದೆ ಇದ್ದದ್ದು ಅದೇ ಮೊದಲು.

ಹುಡುಗರು ಹದಿನೈದಿಪ್ಪತ್ತು ಗಂಟೆಯಲ್ಲಿ ಒಬ್ಬರೇ ಹಾರುತ್ತಾರೆ. ನನಗೆ ಮೂವತ್ತೊಂದು ಬೇಕಾಯಿತು. ಒಂದು ಬೆಳಗ್ಗೆ ಎರಡು ಸುತ್ತು ಆದ ಮೇಲೆ ಮೇಡಂ ಬೆಲ್ಟು ಬಿಚ್ಚಿ, "ಈಗ ನೀವೇ ಒಂದು ಸುತ್ತು ಹೋಗಿ ಬನ್ನಿ ಸರ್" ಎಂದು ಇಳಿದು ಹೋದರು. ಪಕ್ಕದ ಸೀಟು ಖಾಲಿ. ಐವತ್ತು ಕಿಲೋ ಕಡಿಮೆಯಾದ ವಿಮಾನ ಹೋರಿಗರುವಿನಂತೆ ಚಂಗನೆ ಎದ್ದಿತು. ಖಾಲಿ ಸೀಟಿನಿಂದ ಯಾರೋ "ಬಲಗಾಲು" ಅಂದಂತಾಗಿ ಒತ್ತಿದೆ. ಆರು ನಿಮಿಷ. ಇಳಿಯುವಾಗ ಒಂದೇ ಒಂದು ಸಲ ಪುಟಿದೆ, ಅದನ್ನು ಯಾರೂ ಗಮನಿಸಿಲ್ಲ ಎಂದು ನಂಬಿದ್ದೇನೆ. ಹುಡುಗರು ಶಾಸ್ತ್ರದ ಪ್ರಕಾರ ಎರಡು ಬಕೆಟ್ ನೀರು ಸುರಿದರು. ಒದ್ದೆ ಕೈಯಲ್ಲೇ ಅವ್ವನಿಗೆ ಫೋನ್ ಮಾಡಿದೆ. ಎಷ್ಟೆತ್ತರ ಹೋದೆ, ಏನು ಕಂಡಿತು ಎಂದು ಅವಳು ಕೇಳಲಿಲ್ಲ. "ಇಳದ್ಯಾ?" ಎಂದಳು. ಹನುಮಪ್ಪನಿಗೆ ಹೇಳಿಕೊಂಡಿದ್ದ ಎಲೆಪೂಜೆ ಮುಂದಿನ ಶನಿವಾರ ಆಯಿತು.

ಖಾಸಗಿ ಪೈಲಟ್ ಲೈಸೆನ್ಸಿಗೆ ಒಟ್ಟು 40 ಗಂಟೆ ಬೇಕು. ನನ್ನದು ಮೂವತ್ತಾರಾಗಿದೆ. ಲೈಸೆನ್ಸ್ ಬಂದ ಮೇಲೆ ದುಡ್ಡು ಪಡೆಯದೆ ಜನರನ್ನು ಕೂರಿಸಿಕೊಂಡು ಹೋಗಬಹುದು. ಹೆಂಡತಿ ಒಲ್ಲೆ ಅಂದಿದ್ದಾಳೆ, ತಮ್ಮ ಕೊಕ್ಕರೆಯ ಜೊತೆ ಹೋಗ್ತೀನಿ ಅಂದಿದ್ದಾನೆ. ಹಾಗಾಗಿ ಒಂದು ಸೀಟು ಖಾಲಿಯಿದೆ. ಹರಿಹರ, ಮಲೇಬೆನ್ನೂರು, ದಾವಣಗೆರೆ ಕಡೆಯವರಿಗೆ ಮೊದಲ ಆದ್ಯತೆ. ಬರುವವರು ತೂಕ ಮಾತ್ರ ಸರಿಯಾಗಿ ಹೇಳಿ. ಅಲ್ಲಿ ತಕ್ಕಡಿ ಇದೆ.